ಮೂಟೆಯೊಳಗಿನ ಹುಳು

ನಮ್ಮೂರು ಹೊನ್ನೂರು, ಯಳಂದೂರು ತಾಲ್ಲೂಕು. ನಮ್ಮ ಕಡೆ ತಿಗಣೆಗೆ ತಿಗಣೆ ಅಂತಲೇ ಅನ್ನೋದು. ಅಲ್ಲಿಂದ ಕೊಳ್ಳೇಗಾಲ ದಾಟಿ, ಹನೂರು ದಾಟಿ, ಮಾರ್ಟಳ್ಳಿ ಕಡೆಗೆ ಹೋದರೆ ತಮಿಳು ಮಾತಾಡೋ ಮನೆಗಳು ಸಿಗುತ್ತವೆ. ಅಲ್ಲಿ ಇದೇ ಹುಳುವಿನ ಹೆಸರು ಮೂಟ್ಟೈಪೂಚ್ಚಿ. ಪೂಚ್ಚಿ ಅಂದರೆ ಹುಳು. ಮೂಟೆ ಅಂದರೆ ಏನು ಅಂತ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಕೊಳ್ಳೇಗಾಲ 1956ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ನಮ್ಮ ಯಳಂದೂರು ಮೈಸೂರು ಸೀಮೆಯಲ್ಲಿ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿತ್ತು. ಆಡಳಿತ ಎರಡು, ಭಾಷೆ ಎರಡು, ತಿಗಣೆ ಮಾತ್ರ ಒಂದೇ. ಅದು ಯಾವ ಗಡಿಯಲ್ಲೂ ಸುಂಕ ಕಟ್ಟಿದ ದಾಖಲೆ ಇಲ್ಲ.

ಊರೂರು ತಿರುಗುವವರೆಲ್ಲರಿಗೂ ಗೊತ್ತಿರೋ ಒಂದು ವಿಚಿತ್ರ ಇದೆ. ಒಂದೇ ಲಾಡ್ಜು, ಒಂದೇ ರೂಮು, ಒಂದೇ ಹಾಸಿಗೆ. ಬೆಳಗ್ಗೆ ಎದ್ದಾಗ ಒಬ್ಬನ ಕೈತುಂಬಾ ಸಾಲಾಗಿ ಕೆಂಪು ದದ್ದು, ಇನ್ನೊಬ್ಬ ಹಾಯಾಗಿ ಕಾಫಿ ಕುಡೀತಿರ್ತಾನೆ. 'ನಿನ್ನ ರಕ್ತ ಸಿಹಿ ಕಣೋ' ಅಂತ ನಗಾಡ್ತಾನೆ. ಈ ಸಿಹಿ ರಕ್ತದ ಸಿದ್ಧಾಂತಕ್ಕೆ ನಮ್ಮಲ್ಲಿ ಎಷ್ಟು ವಯಸ್ಸಾಗಿದೆಯೋ, ಆದರೆ ತಿಗಣೆ ಕಚ್ಚಿದ್ದಕ್ಕೆ ಯಾರನ್ನು ದೂರಬೇಕು ಅನ್ನೋ ಪ್ರಶ್ನೆಗೆ ಅದಕ್ಕಿಂತ ಹೆಚ್ಚಿನ ಇತಿಹಾಸ ಇದೆ.

ಪಂಚತಂತ್ರದಲ್ಲಿ ಒಂದು ಕತೆ ಬರುತ್ತೆ. ರಾಜನ ಹಾಸಿಗೆಯ ಬಟ್ಟೆಯಲ್ಲಿ ಮಂದವಿಸರ್ಪಿಣಿ ಅನ್ನೋ ಹೇನು ವಾಸವಾಗಿರುತ್ತೆ. ರಾಜ ಗಾಢ ನಿದ್ದೆಗೆ ಹೋದ ಮೇಲೆ ಮೆಲ್ಲಗೆ ರಕ್ತ ಹೀರಿ, ಯಾರಿಗೂ ಗೊತ್ತಾಗದ ಹಾಗೆ ಸಂಸಾರ ನಡೆಸಿಕೊಂಡು ಹೋಗ್ತಿರುತ್ತೆ. ಅಲ್ಲಿಗೆ ಅಗ್ನಿಮುಖ ಅನ್ನೋ ತಿಗಣೆ ಅತಿಥಿಯಾಗಿ ಬರುತ್ತೆ. ಹೇನು 'ರಾಜ ನಿದ್ದೆ ಹೋಗೋ ತನಕ ಕಾಯಿ' ಅಂತ ಬುದ್ಧಿ ಹೇಳಿದರೂ ಕೇಳದೆ ಅವಸರಕ್ಕೆ ಬಿದ್ದು ಕಚ್ಚುತ್ತೆ. ರಾಜ ಎದ್ದು ಕೂಗಾಡ್ತಾನೆ, ಆಳುಗಳು ದೀಪ ಹಿಡಿದು ಹುಡುಕ್ತಾರೆ. ತಿಗಣೆ ಮಂಚದ ಸಂದಿಗೆ ಜಾರಿಕೊಳ್ಳುತ್ತೆ. ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಬಿದ್ದ ಹೇನು ಸಾಯುತ್ತೆ. ಗೊತ್ತುಗುರಿ ಇಲ್ಲದವರಿಗೆ ಜಾಗ ಕೊಡಬಾರದು ಅನ್ನೋದು ಕತೆ ಹೇಳಿದವನ ಉದ್ದೇಶ. ನನಗೆ ಅದಕ್ಕಿಂತ ಆ ಕೀಟಶಾಸ್ತ್ರ ಇಷ್ಟ. ಹೇನು ಮೈಮೇಲಿನ ಬಟ್ಟೆಯಲ್ಲಿರುತ್ತೆ, ತಿಗಣೆ ಕಚ್ಚಿದ ಮೇಲೆ ಮೈಮೇಲೆ ನಿಲ್ಲೋದೇ ಇಲ್ಲ, ಸಂದಿ ಸೇರುತ್ತೆ. ಈ ಕತೆ ಕಟ್ಟಿದವನು ಯಾರೇ ಆಗಲಿ, ಒಳ್ಳೇ ತಿಗಣೆ ಇರೋ ಮಂಚದಲ್ಲಿ ಮಲಗಿದ್ದವನೇ ಇರಬೇಕು.

ಸಿಹಿ ರಕ್ತದ ಸಿದ್ಧಾಂತವನ್ನ ಮುದ್ರಣದಲ್ಲಿ ಎದುರಿಸಿದ ಒಬ್ಬ ಹಳಬ ಲಂಡನ್ನಿನ ಜಾನ್ ಸೌತಾಲ್. ಇವನದು ತಿಗಣೆ ಕೊಲ್ಲೋ ವ್ಯಾಪಾರ. ಜಮೈಕಾಕ್ಕೆ ಹೋಗಿದ್ದಾಗ ಅಲ್ಲಿನ ಒಬ್ಬ ಆಫ್ರಿಕನ್ ಮುದುಕನಿಂದ ಔಷಧದ ಗುಟ್ಟು ಕಲಿತು ಬಂದು, 1730ರಲ್ಲಿ ತಿಗಣೆಗಳ ಮೇಲೇ ಒಂದು ಪುಸ್ತಕ ಪ್ರಕಟಿಸಿದ. ಕೆಲವರನ್ನ ಕಚ್ಚುತ್ತೆ, ಕೆಲವರನ್ನ ಬಿಡುತ್ತೆ ಅಂತ ಜನ ಹೇಳೋದು ಸುಳ್ಳು, ದಾರಿಗೆ ಸಿಕ್ಕಿದ ಎಲ್ಲರನ್ನೂ ಅದು ಕಚ್ಚುತ್ತೆ ಅನ್ನೋದು ಅವನ ವಾದ. ಔಷಧ ಮಾರೋನು ಎಲ್ಲರಿಗೂ ಔಷಧ ಬೇಕು ಅಂತ ಹೇಳೋದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. ಆದರೆ ಈ ವಿಷಯದಲ್ಲಿ ಅವನು ಹೇಳಿದ್ದು ಹೆಚ್ಚುಕಮ್ಮಿ ಸರಿ.

ಕಚ್ಚೋದು ಬೇರೆ, ದದ್ದು ಏಳೋದು ಬೇರೆ. ತಿಗಣೆ ಐದು-ಹತ್ತು ನಿಮಿಷ ರಕ್ತ ಹೀರುವಾಗ ಜೊಲ್ಲನ್ನ ಚರ್ಮದೊಳಗೆ ಬಿಡುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋ ಪ್ರೋಟೀನುಗಳು ಆ ಜೊಲ್ಲಲ್ಲಿರುತ್ತವೆ. ನಾವು ಕಡಿತ ಅಂತ ತೋರಿಸೋ ಕೆಂಪು ಗುರುತು ಆ ಪ್ರೋಟೀನಿಗೆ ನಮ್ಮ ಮೈ ಕೊಟ್ಟ ಉತ್ತರ, ಅಷ್ಟೆ. ಆ ಉತ್ತರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಜೀವನದಲ್ಲಿ ಮೊದಲ ಸಲ ಕಚ್ಚಿಸಿಕೊಂಡವರಿಗೆ ಗುರುತು ಮೂಡೋಕೆ ಒಂದು ವಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹಿಡಿಯಬಹುದು. ಮತ್ತೆ ಮತ್ತೆ ಕಚ್ಚಿಸಿಕೊಂಡ ಹಾಗೆ ಆ ಅಂತರ ಕಮ್ಮಿಯಾಗಿ ಗಂಟೆಗಳಿಗೆ, ನಿಮಿಷಗಳಿಗೆ ಇಳಿಯುತ್ತೆ. ಏನೂ ಆಗದವರೂ ಇದ್ದಾರೆ. ಪ್ರವಾಸಿಗರಿಗೆ ಇದರಲ್ಲಿ ಒಂದು ಮೋಸ ಇದೆ. ಹಂಪಿಯಲ್ಲಿ ಕಚ್ಚಿದ್ದು ಗೋಕರ್ಣದಲ್ಲಿ ಗುರುತಾಗಿ ಕಾಣಿಸಿಕೊಂಡರೆ ನೀವು ಬೈಯೋದು ಗೋಕರ್ಣದ ಲಾಡ್ಜಿಗೆ.

ಕೆನಡಾದ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದ ಗ್ರೀಸ್ ದಂಪತಿಯ ಕತೆ ಇದಕ್ಕೆ ಒಳ್ಳೇ ಸಾಕ್ಷಿ. ತಿಗಣೆಗಳು ಒಂದೇ ಸಂದಿಯಲ್ಲಿ ಗುಂಪುಗೂಡೋದು ಯಾವ ವಾಸನೆಯಿಂದ ಅಂತ ಅವರ ತಂಡ ಕಂಡುಹಿಡಿದು, ಅದರಲ್ಲಿ ಹಿಸ್ಟಮಿನ್ ಇದೆ ಅಂತ ತೋರಿಸಿತು. ಆ ಕೆಲಸಕ್ಕೆ ಸಾವಿರಕ್ಕೂ ಹೆಚ್ಚು ತಿಗಣೆ ಸಾಕಬೇಕು, ಅವಕ್ಕೆ ಊಟ ಕೊಡಬೇಕು. ಊಟ ಕೊಟ್ಟದ್ದು ರೆಜಿನ್ ಗ್ರೀಸ್, ತಮ್ಮ ತೋಳಿನಿಂದಲೇ. ಯಾಕೆ ಅವರೇ ಅಂದರೆ ಅವರಿಗೆ ಸಣ್ಣ ದದ್ದು ಬಿಟ್ಟರೆ ಹೆಚ್ಚೇನೂ ಆಗ್ತಿರಲಿಲ್ಲ, ಗಂಡ ಗೆರ್ಹಾರ್ಡ್‌ಗೆ ಜೋರಾಗಿ ಊದಿಕೊಳ್ತಿತ್ತು. ಐದು ವರ್ಷದಲ್ಲಿ ಆಕೆ ತಿಂದ ಕಡಿತ ಸುಮಾರು 1,80,000. ಒಂದೇ ಮನೆಯ ಇಬ್ಬರು, ಒಂದೇ ತಿಗಣೆ. ರಕ್ತ ಸಿಹಿಯೋ ಕಹಿಯೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಇದನ್ನೆಲ್ಲ ನಾನು ಓದೋಕೆ ಶುರು ಮಾಡಿದ್ದಕ್ಕೆ ಒಂದು ಕಾರಣ ಇದೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಹೊಸದರಲ್ಲಿ ಒಂದು ಪೀಜಿಯಲ್ಲಿ ನಾಲ್ಕು ಜನರ ರೂಮಲ್ಲಿದ್ದೆ. ತಿಂಗಳಾದ ಮೇಲೆ ಮೂವರ ಮೈಮೇಲೆ ದದ್ದು, ನನಗೆ ಒಂದೂ ಇಲ್ಲ. ಊರಿಂದ ನಾನು ತಂದಿದ್ದು ಒಂದು ಕಂಬಳಿ, ಅಕ್ಕಿ ಮತ್ತು ಹುರುಳಿಕಾಳು ತುಂಬಿದ ಒಂದು ಗೋಣಿಚೀಲ. ಪೀಜಿ ಮಾಲೀಕರು ನನ್ನ ಮೈ ನೋಡಿದರು, ಗೋಣಿಚೀಲ ನೋಡಿದರು, ತೀರ್ಪು ಕೊಟ್ಟರು. 'ಹಳ್ಳಿಯಿಂದ ಬಂದೋರಿಗೆ ಅಭ್ಯಾಸ ಇರುತ್ತೆ, ಅದಕ್ಕೇ ಕಚ್ಚಲ್ಲ.' ಕಂಬಳಿ ಟೆರೇಸಿನಲ್ಲಿ ಸುಟ್ಟರು. ಅದು ನಮ್ಮಜ್ಜಿ ಕೊಟ್ಟಿದ್ದು. ಒಂದು ವಾರ ಬಿಟ್ಟು ನೋಡಿದರೆ ದದ್ದು ಹಾಗೇ ಇದೆ. ಗುಜರಿಯಿಂದ ತಂದ ಮಂಚದ ಪ್ಲೈವುಡ್ ಎತ್ತಿದಾಗ ಅದರ ಕೆಳಗೆ ಒಂದು ಊರೇ ಇತ್ತು. ಯಾರೂ ಏನೂ ಮಾತಾಡಲಿಲ್ಲ. ನಾನು ಬೇರೆ ಕಡೆ ಹೋದೆ.

ಅವತ್ತಿನ ಆ ತರ್ಕದಲ್ಲಿ ಹಳ್ಳಿ ಅಂದರೆ ತಿಗಣೆ ಅನ್ನೋ ನಂಬಿಕೆ ಇದೆಯಲ್ಲ, ಅದು ನನಗೆ ಇತಿಹಾಸದಲ್ಲೂ ಅನುಮಾನಕ್ಕೆ ಬರುತ್ತೆ. ತಿಗಣೆಗೆ ಬೇಕಾದ್ದು ಎರಡು: ಅಡಗೋಕೆ ಸಂದಿ, ಪಕ್ಕದಲ್ಲೇ ಪ್ರತಿರಾತ್ರಿ ಮಲಗೋ ಒಂದು ಮೈ. ಅದು ಹಾರೋದಿಲ್ಲ, ನೆಗೆಯೋದಿಲ್ಲ, ನಡೀಬೇಕು. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡು, ಮೈವಾಸನೆ, ಮೈಕಾವು ಹಿಡಿದು ಬರುತ್ತೆ. ಮೈಕಾವು ಅದಕ್ಕೆ ಗೊತ್ತಾಗೋದು ತೀರಾ ಹತ್ತಿರ ಬಂದ ಮೇಲೆ. ಅಂದರೆ ಯಾರನ್ನ ಹೆಚ್ಚು ಕಚ್ಚುತ್ತೆ ಅನ್ನೋದಕ್ಕೆ ದೊಡ್ಡ ಕಾರಣ ಮಲಗಿದ ಜಾಗ. ಗೋಡೆಗೆ ತಾಗಿದ ಮಂಚದವನಿಗೆ ಮೊದಲ ಸರದಿ.

ಈಗ ಹಳೇ ಕಾಲದ ದಾರಿಹೋಕರನ್ನ ನೆನೆಸಿಕೊಳ್ಳಿ. ನಮ್ಮ ಕಡೆಯಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗೋ ಪರಿಸೆ ಜನ ಕೊಳ್ಳೇಗಾಲ, ಹನೂರು, ತಾಳಬೆಟ್ಟದ ದಾರಿಯಲ್ಲಿ ಮಲಗ್ತಿದ್ದದ್ದು ಜಗಲಿಯ ಮೇಲೆ, ಕಲ್ಲು ಮಂಟಪದಲ್ಲಿ, ಮರದ ಬುಡದಲ್ಲಿ. ಹಾಸೋಕೆ ಒಂದು ಕಂಬಳಿ, ಬೆಳಗಾದರೆ ಕೊಡವಿ ಹೆಗಲಿಗೆ. ನಯವಾದ ಕಲ್ಲುಚಪ್ಪಡಿಯಲ್ಲಿ ತಿಗಣೆ ಬದುಕೋದು ಕಷ್ಟ. ಇವತ್ತೊಬ್ಬ ನಾಳೆಯೊಬ್ಬ ಮಲಗಿ, ನಡುವೆ ತಿಂಗಳುಗಟ್ಟಲೆ ಖಾಲಿ ಬೀಳೋ ಜಾಗದಲ್ಲಿ ಅದರ ಸಂಸಾರ ಬೆಳೆಯೋದೂ ಕಷ್ಟ. ಸೊಳ್ಳೆ ಕಚ್ಚಿರುತ್ತೆ, ಇರುವೆ ಕಚ್ಚಿರುತ್ತೆ. ತಿಗಣೆಗೆ ಮಂಚ ಬೇಕು, ಹತ್ತಿಯ ಹಾಸಿಗೆ ಬೇಕು, ಬಾಡಿಗೆಗೆ ರೂಮು ಬೇಕು. ಅಂದರೆ ಒಂದಿಷ್ಟು ಕಾಸಿರೋ ಪ್ರಯಾಣಿಕ ಬೇಕು. ಪಂಚತಂತ್ರದ ಕತೆ ನಡೆಯೋದೂ ರಾಜನ ಹಾಸಿಗೆಯಲ್ಲೇ, ಧರ್ಮಛತ್ರದಲ್ಲಲ್ಲ. ಲಾಡ್ಜು, ಹಾಸ್ಟೆಲ್, ಟಾಕೀಸಿನ ಕುರ್ಚಿ, ರೈಲಿನ ಬರ್ತು, ಇವೆಲ್ಲ ಬಂದ ಮೇಲೆಯೇ ತಿಗಣೆ ಸಾಮಾನ್ಯರಿಗೂ ಧಾರಾಳವಾಗಿ ಸಿಕ್ಕಿದ್ದು ಅಂತ ನನ್ನ ಲೆಕ್ಕ.

ಹಾಗಂತ ಮೂಟೆಯ ಮೇಲಿನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ತಮಿಳರ ಹೆಸರಿನಲ್ಲಿರೋ ಮೂಟೆಯನ್ನ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪರೀಕ್ಷೆಗೇ ಒಡ್ಡಿದರು. ಒಗೆದ ಬಟ್ಟೆಯ ಚೀಲ, ಉಟ್ಟು ಬಿಚ್ಚಿದ ಬಟ್ಟೆಯ ಚೀಲ ಎರಡನ್ನೂ ಇಟ್ಟು ತಿಗಣೆ ಬಿಟ್ಟಾಗ, ಕೊಳೆಬಟ್ಟೆಯ ಚೀಲದಲ್ಲಿ ತಿಗಣೆ ಸಿಗೋ ಸಾಧ್ಯತೆ ಎರಡು ಪಟ್ಟು ಇತ್ತು. ಮನುಷ್ಯ ಇಲ್ಲದಿದ್ದರೆ ಮನುಷ್ಯನ ವಾಸನೆಯಾದರೂ ಆದೀತು ಅಂತ ಹತ್ತಿಕೊಳ್ಳುತ್ತೆ. ಅಲ್ಲಿಗೆ ಹೋಟೆಲಿನ ನೆಲದ ಮೇಲೆ ಬಾಯಿ ತೆರೆದಿಟ್ಟ ಟ್ರಾಲಿ ಸೂಟ್‌ಕೇಸಿಗೂ ಗೋಣಿಚೀಲಕ್ಕೂ ವ್ಯತ್ಯಾಸ ಏನೂ ಇಲ್ಲ. ಅಕ್ಕಿ, ಹುರುಳಿಕಾಳಿಗಂತೂ ಅದು ಮೂಸಿಯೂ ನೋಡಲ್ಲ.

ತಿಗಣೆಯ ಮೇಲೆ ಬಂದ ಅತಿ ದೊಡ್ಡ ಆರೋಪ ಮಾತ್ರ ನಮ್ಮ ಪಕ್ಕದಲ್ಲೇ, ಕೊಳ್ಳೇಗಾಲ ಆಗ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ ಹುಟ್ಟಿತು. ಕಾಲಾ ಅಜಾರ್ ಅನ್ನೋ ಜ್ವರ ಅಸ್ಸಾಮು, ಬಂಗಾಳದಲ್ಲಿ ಊರೂರುಗಳನ್ನೇ ಖಾಲಿ ಮಾಡ್ತಿದ್ದ ಕಾಲ. ಮದರಾಸಿನಲ್ಲೂ ರೋಗಿಗಳಿದ್ದರು. 1903ರಲ್ಲಿ ಅಲ್ಲಿನ ಮೆಡಿಕಲ್ ಕಾಲೇಜಿನ ಚಾರ್ಲ್ಸ್ ಡೊನೊವನ್ ಅದರ ಪರಾವಲಂಬಿ ಜೀವಿಯನ್ನ ಗುರುತಿಸಿದ. ಅದನ್ನ ಒಬ್ಬರಿಂದ ಒಬ್ಬರಿಗೆ ಸಾಗಿಸೋದು ಯಾರು? ಮನೆಮನೆಯಲ್ಲೂ ಸಿಗೋ, ರಕ್ತ ಕುಡಿಯೋ, ಬಡವರ ಜೊತೆ ಎಲ್ಲರೂ ಹೆಸರು ಸೇರಿಸೋ ಪ್ರಾಣಿ ಯಾವುದು? 1907ರಲ್ಲಿ ವಾಲ್ಟರ್ ಪ್ಯಾಟನ್ ಮದರಾಸಿನಲ್ಲಿ ತಿಗಣೆಗೆ ರೋಗಿಗಳ ರಕ್ತ ಕುಡಿಸಿ, ಅದರ ಹೊಟ್ಟೆಯಲ್ಲಿ ಆ ಜೀವಿ ಬೆಳೆಯೋದನ್ನ ವರದಿ ಮಾಡಿದ. ಹೊಟ್ಟೆಯಲ್ಲಿ ಬೆಳೆಯೋದು ನಿಜ. ಆದರೆ ಅದು ಕಚ್ಚಿದಾಗ ಇನ್ನೊಬ್ಬರಿಗೆ ದಾಟುತ್ತೆ ಅಂತ ತೋರಿಸೋಕೆ ಆಗಲೇ ಇಲ್ಲ. ಮುಂದೆ ಮರಳುನೊಣದ ಮೇಲೆ ಅನುಮಾನ ತಿರುಗಿತು. 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಮೂವರು ಅಸ್ಸಾಮಿನಲ್ಲಿ ಸ್ವಯಂಸೇವಕರಿಗೆ ಮರಳುನೊಣ ಕಚ್ಚಿಸಿ, ರೋಗ ದಾಟೋದು ಹೀಗೆ ಅಂತ ಸಾಬೀತು ಮಾಡಿದರು. ತಿಗಣೆಯ ಖುಲಾಸೆಗೆ ಮೂವತ್ತೈದು ವರ್ಷ ಹಿಡಿಯಿತು. ಸಹಜವಾಗಿ ಅದು ಮನುಷ್ಯರಿಗೆ ಯಾವ ರೋಗವನ್ನಾದರೂ ಹರಡುತ್ತೆ ಅಂತ ಇವತ್ತಿಗೂ ಖಚಿತವಾಗಿ ಸಾಬೀತಾಗಿಲ್ಲ. ನಿದ್ದೆ ಕೆಡಿಸುತ್ತೆ, ಮರ್ಯಾದೆ ಕಳೆಯುತ್ತೆ.

ಆಮೇಲೆ ಡಿಡಿಟಿ ಬಂತು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಪಂಪು ಹೊತ್ತವರು ಹಳ್ಳಿ ಹಳ್ಳಿಗೆ ಬಂದು ಮನೆಗಳ ಒಳಗೋಡೆಗೆ ಹೊಡೆದು, ಹೊಡೆದ ತಾರೀಖನ್ನ ಗೋಡೆಯ ಮೇಲೆ ಬರೆದು ಹೋಗ್ತಿದ್ದರು. ನಮ್ಮಜ್ಜಿ ಹೇಳೋರು: 'ಮೊದಲ್ನೇ ಸತಿ ಹೊಡ್ದಾಗ ತಿಗಣೆ ಉದುರೋದ್ವು. ನಾಕು ವರ್ಷ ಬುಟ್ಟು ಹೊಡ್ದಾಗ ಕೆರಳಿ ಆಚೆ ಬಂದ್ವು.' ಅಜ್ಜಿಯ ಮಾತು ಬರೀ ಕತೆಯಲ್ಲ. ಡಿಡಿಟಿಗೆ ಜಗ್ಗದ ತಿಗಣೆಗಳು 1947ರಷ್ಟು ಹೊತ್ತಿಗೇ ಹವಾಯಿಯ ಪರ್ಲ್ ಹಾರ್ಬರಿನ ಸೈನಿಕರ ಬ್ಯಾರಕ್ಕುಗಳಲ್ಲಿ ಕಂಡಿದ್ದವು. ಎಷ್ಟೋ ದೇಶಗಳಲ್ಲಿ ಜನ ಮಲೇರಿಯಾ ಸಿಂಪಡಣೆಗೆ ಬಾಗಿಲು ಹಾಕಿದ್ದು 'ತಿಗಣೆ ಜಾಸ್ತಿ ಮಾಡ್ತೀರಿ' ಅನ್ನೋ ಸಿಟ್ಟಿಗೆ. ಸೊಳ್ಳೆಯ ಯುದ್ಧದಲ್ಲಿ ತಿಗಣೆಯ ಸಾಕ್ಷಿ ಕೇಳೋರು ಯಾರು? ಡಿಡಿಟಿ ಆದ ಮೇಲೆ ಟಿಕ್-20, ಸೀಮೆಎಣ್ಣೆ, ಕುದಿಯೋ ನೀರು, ಬೇಸಿಗೆಯ ಬಿಸಿಲು. ಇವುಗಳಲ್ಲಿ ಕುದಿಯೋ ನೀರೊಂದಕ್ಕೆ ಮಾತ್ರ ತಿಗಣೆ ಇನ್ನೂ ಉತ್ತರ ಕಂಡುಕೊಂಡಿಲ್ಲ.

2023ರಲ್ಲಿ ಪ್ಯಾರಿಸ್ಸಿನ ಮೆಟ್ರೋ, ಸಿನಿಮಾ ಮಂದಿರಗಳಲ್ಲಿ ತಿಗಣೆ ಅಂತ ಜಗತ್ತೆಲ್ಲ ಗದ್ದಲ ಎದ್ದಿತ್ತಲ್ಲ, ಆಗಲೂ ಒಬ್ಬ ಟೀವಿ ನಿರೂಪಕ ಇದಕ್ಕೂ ವಲಸೆ ಬಂದವರಿಗೂ ಸಂಬಂಧ ಇದೆಯಾ ಅಂತ ಕೇಳಿ ಉಗಿಸಿಕೊಂಡ. ಅದೇ ವರ್ಷ ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ ಲೆಕ್ಕ ಕೊಟ್ಟಿತ್ತು. 2017ರಿಂದ 2022ರ ನಡುವೆ ಆ ದೇಶದ ನೂರಕ್ಕೆ ಹನ್ನೊಂದು ಮನೆಗಳಲ್ಲಿ ತಿಗಣೆ ಇತ್ತು, ಮನೆಯ ಆದಾಯಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಆ ನಿರೂಪಕನ ಮಾತು ಕೇಳಿದಾಗ ನನಗೆ ಮಾತ್ರ ಎಲ್ಲೋ ಕೇಳಿದ ಹಾಗಿತ್ತು.

ಈಗ ತಿಗಣೆಗೆ ಆನ್‌ಲೈನಿನಲ್ಲಿ ಪರಿಹಾರ ಹುಡುಕೋರಿಗೆ ಒಂದು ಉಪಯೋಗದ ಮಾತು. ಮಂಚದ ಕಾಲಿಗೆ ಇಡೋ ನುಣುಪು ಪ್ಲಾಸ್ಟಿಕ್ ಬಟ್ಟಲುಗಳು ಸಿಗುತ್ತವೆ, ಬಿದ್ದ ತಿಗಣೆ ಮೇಲೆ ಹತ್ತಲಾರದು ಅನ್ನೋ ಲೆಕ್ಕದಲ್ಲಿ ಮಾಡಿದ್ದು. ಅವು ಅಮೆರಿಕ, ಯೂರೋಪಿನ ತಿಗಣೆಯನ್ನ ಮನಸ್ಸಲ್ಲಿಟ್ಟು ಮಾಡಿದವು. ನಮ್ಮ ಕಡೆಯದು ಬೇರೆ ಜಾತಿ, ಉಷ್ಣವಲಯದ್ದು. ಈ ಎರಡೂ ಕವಲೊಡೆದು ಸುಮಾರು 4.7 ಕೋಟಿ ವರ್ಷ ಆಗಿದೆ, ಮನುಷ್ಯ ಹುಟ್ಟೋದಕ್ಕೆ ಎಷ್ಟೋ ಮುಂಚೆ. ನಮ್ಮದರ ಕಾಲಿನ ತುದಿಯ ಮೆತ್ತೆಯಲ್ಲಿ ಕೂದಲು ಹೆಚ್ಚು, ನುಣುಪು ಗೋಡೆಯನ್ನೂ ಅದು ಹತ್ತಿಬಿಡುತ್ತೆ. ನಮ್ಮ ಹಟ್ಟಿಯಲ್ಲಿ ಮಂಚದ ಕಾಲಿನ ಕೆಳಗೆ ನೀರು ತುಂಬಿದ ಡಬ್ಬಿ ಮುಚ್ಚಳ ಇಟ್ಟು, ಮಂಚವನ್ನ ಗೋಡೆಯಿಂದ ಒಂದು ಗೇಣು ಎಳೆದು ಹಾಕೋರು. ಬಟ್ಟಲು ಕೊಂಡಿದ್ದರೆ ಅದಕ್ಕೂ ನೀರು ತುಂಬಿಸಿಡಿ, ಹೊದಿಕೆ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳಿ.