ಹೆಡ್‌ಫೋನ್, ಇಂಕ್ ಪೆನ್, ಆನ್‌ಲೈನ್ ಗೇಮ್: ಬಿಡುವಿನ ಹವ್ಯಾಸಕ್ಕೂ ಒಂದು ಲೆಕ್ಕ ಇರಲಿ

ಅಂಗಡಿ ಬಾಗಿಲು ಹಾಕಿದ ಮೇಲೆ, ಕಾಲೇಜು ಬಿಟ್ಟ ಮೇಲೆ, ಗಲ್ಫ್‌ನಲ್ಲಿ ಡ್ಯೂಟಿ ಮುಗಿಸಿ ರೂಮಿಗೆ ಬಂದ ಮೇಲೆ ನಮಗೆಲ್ಲ ಒಂದೆರಡು ಗಂಟೆ ಬಿಡುವು ಸಿಗುತ್ತದೆ. ಆ ಹೊತ್ತಿಗೆ ಒಂದು ಹವ್ಯಾಸ ಬೇಕು. ಅದು ದುಡಿಮೆಯಿಂದ ದಣಿದ ತಲೆಗೆ ವಿಶ್ರಾಂತಿ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಯುವಕರಲ್ಲಿ ಈಗ ಹೆಚ್ಚು ಕಾಣುವುದು ಹೆಡ್‌ಫೋನ್‌ನಲ್ಲಿ ಕೇಳುವುದು ಮತ್ತು ಮೊಬೈಲ್ ಗೇಮ್. ಇಂಕ್ ಪೆನ್ ಪ್ರಿಯರೂ ಅಲ್ಲಲ್ಲಿ ಇದ್ದಾರೆ.

ವ್ಯಾಪಾರ ಮಾಡುವವರು ಪ್ರತಿ ಸರಕಿಗೂ ಲೆಕ್ಕ ಬರೆಯುತ್ತಾರೆ. ಹವ್ಯಾಸಕ್ಕೆ ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ. ಇಲ್ಲಿ ನೋಡಬೇಕಾದದ್ದು ಮೂರು: ಹಣ, ಸಮಯ, ದೇಹ. ಹೆಡ್‌ಫೋನ್‌ನಲ್ಲಿ ದೇಹದ ಲೆಕ್ಕ ಮುಖ್ಯ, ಪೆನ್ನಿನಲ್ಲಿ ಹಣದ ಲೆಕ್ಕ, ಗೇಮ್‌ನಲ್ಲಿ ಹಣ ಮತ್ತು ಸಮಯ ಎರಡೂ. ಒಂದೊಂದಾಗಿ ನೋಡುವ.

ಹೆಡ್‌ಫೋನ್: ಏನು ನೋಡಿ ತೆಗೆದುಕೊಳ್ಳಬೇಕು

ಅಮೆರಿಕದ ಜಾನ್ ಕಾಸ್ 1958ರಲ್ಲಿ ಸ್ಟೀರಿಯೊ ಹೆಡ್‌ಫೋನ್ ತಂದರು. 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲೆ ನಡೆದುಕೊಂಡು ಹೋಗುತ್ತಾ ಹಾಡು ಕೇಳುವ ಅಭ್ಯಾಸ ಲೋಕಕ್ಕೆಲ್ಲ ಹರಡಿತು. ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಜೊತೆ ವಾಕ್‌ಮನ್ ಇದ್ದ ಕಾಲ ನಮ್ಮ ಹಿರಿಯರಿಗೆ ನೆನಪಿರಬಹುದು.

ಆಕಾರದಲ್ಲಿ ಮೂರು ಬಗೆ. ಕಿವಿಯ ಒಳಗೆ ಕೂರುವುದು ಇಯರ್‌ಫೋನ್ ಅಥವಾ ಇಯರ್‌ಬಡ್. ಇಡೀ ಕಿವಿಯನ್ನು ಮುಚ್ಚಿ, ಹಿಂಬದಿಯೂ ಮುಚ್ಚಿರುವುದು ಕ್ಲೋಸ್ಡ್ ಬ್ಯಾಕ್. ಹಿಂಬದಿಯಲ್ಲಿ ಜಾಲರಿ ಇರುವುದು ಓಪನ್ ಬ್ಯಾಕ್. ಓಪನ್ ಬ್ಯಾಕ್‌ನಲ್ಲಿ ಧ್ವನಿ ಎದುರು ಕೂತು ಹಾಡಿದ ಹಾಗೆ ಅಗಲವಾಗಿ ಕೇಳುತ್ತದೆ. ಆದರೆ ಶಬ್ದ ಹೊರಗೂ ಬರುತ್ತದೆ, ಹೊರಗಿನ ಶಬ್ದ ಒಳಗೂ ಬರುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಕೇಳಲಿಕ್ಕೆ ಅದು, ಬಸ್ಸಿಗೆ ಆಗುವುದಿಲ್ಲ.

ಡಬ್ಬದ ಮೇಲೆ ಓಮ್ ಅಂತ ಒಂದು ಸಂಖ್ಯೆ ಇರುತ್ತದೆ. 16ರಿಂದ 32 ಓಮ್‌ನ ಹೆಡ್‌ಫೋನ್ ಸಾಮಾನ್ಯವಾಗಿ ಮೊಬೈಲ್‌ಗೆ ಸಾಕು. 250, 300 ಓಮ್‌ನದ್ದು ತಂದರೆ ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕಾಗಬಹುದು, ಅಂದರೆ ಇನ್ನೊಂದು ಖರ್ಚು. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನಕ್ಕೆ ಕೋಡೆಕ್ ಅಂತ ಹೆಸರು. ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ, ಎಎಸಿ ಮತ್ತು ಎಲ್‌ಡ್ಯಾಕ್ ಇನ್ನು ಕೆಲವು. ಐಫೋನ್‌ನಲ್ಲಿ ಎಲ್‌ಡ್ಯಾಕ್ ಇಲ್ಲ. ಹಾಗಾಗಿ ಐಫೋನ್ ಇರುವವರು ಅದೊಂದಕ್ಕೋಸ್ಕರ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ದೊಡ್ಡ ಬ್ರ್ಯಾಂಡ್‌ನ ಹೆಸರಿಟ್ಟು ಹತ್ತರಲ್ಲಿ ಒಂದು ಪಾಲು ಬೆಲೆಗೆ ಸಿಗುವ ‘ಫಸ್ಟ್ ಕಾಪಿ’ ಮಾಲು ಬೇಡ. ಅದಕ್ಕೆ ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ. ಅದೇ ದುಡ್ಡಿಗೆ ಒಳ್ಳೆಯ ಕಂಪೆನಿಯ ವೈರ್ ಇಯರ್‌ಫೋನ್ ಬರುತ್ತದೆ, ಧ್ವನಿಯೂ ಉತ್ತಮ. ದುಬೈ, ಸೌದಿಯಲ್ಲಿ ಕೊಂಡದ್ದಕ್ಕೆ ಊರಿನಲ್ಲಿ ವಾರಂಟಿ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಕಿವಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಹೀಗಿದೆ: ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಡೆಸಿಬೆಲ್ ಸಾಮಾನ್ಯ ಅಳತೆಯ ಹಾಗಲ್ಲ. ಪ್ರತಿ 3 ಡೆಸಿಬೆಲ್ ಏರಿದಾಗ ಧ್ವನಿಯ ಶಕ್ತಿ ದುಪ್ಪಟ್ಟಾಗುತ್ತದೆ, ಕೇಳಬಹುದಾದ ಸಮಯ ಅರ್ಧವಾಗುತ್ತದೆ. 83 ಡೆಸಿಬೆಲ್‌ಗೆ 20 ಗಂಟೆ, 86ಕ್ಕೆ 10 ಗಂಟೆ, 90ಕ್ಕೆ ಬಂದರೆ ವಾರಕ್ಕೆ ಬರೀ 4 ಗಂಟೆ.

ಉಪ್ಪಳದಿಂದ ಮಂಗಳೂರಿಗೆ ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿಯ ಲೆಕ್ಕ ಹಾಕುವ. ಹೋಗಲಿಕ್ಕೆ ಒಂದು ಗಂಟೆ, ಬರಲಿಕ್ಕೆ ಒಂದು ಗಂಟೆ, ಆರು ದಿನಕ್ಕೆ 12 ಗಂಟೆ. ಸಣ್ಣ ಧ್ವನಿಯಲ್ಲಿ ಕೇಳಿದರೆ ತೊಂದರೆ ಇಲ್ಲ. ಆದರೆ ಬಸ್ಸಿನ ಇಂಜಿನ್, ಹಾರ್ನ್ ಮೀರಿ ಕೇಳಬೇಕು ಅಂತ ವಾಲ್ಯೂಮ್ ಏರಿಸಿ 86 ಡೆಸಿಬೆಲ್ ಮಾಡಿದರೆ ಪ್ರಯಾಣದಲ್ಲೇ ವಾರದ ಮಿತಿ ದಾಟಿತು. ರಾತ್ರಿ ಮನೆಯಲ್ಲಿ ಕೇಳುವುದು ಅದರ ಮೇಲೆ ಸಾಲ.

ಇದು ತೀರಿಸಲಿಕ್ಕೆ ಆಗದ ಸಾಲ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿವೆ. ಒಮ್ಮೆ ಅವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸದ್ದಿಲ್ಲದ ಕೋಣೆಯಲ್ಲೂ ಕಿವಿಯಲ್ಲಿ ‘ಗುಂಯ್’ ಅನ್ನುವುದು, ಜನ ಸೇರಿದ ಕಡೆ ಎದುರಿನವರ ಮಾತು ಬಿಡಿಸಿ ಕೇಳದಿರುವುದು ಮೊದಲ ಸೂಚನೆ. ಹಾಗಾದರೆ ಇಎನ್‌ಟಿ ಡಾಕ್ಟರನ್ನು ಕಾಣಬೇಕು.

ಪಾಲಿಸಬಹುದಾದ ಕ್ರಮ ಸುಲಭ ಉಂಟು. ವಾಲ್ಯೂಮ್ 60 ಶೇಕಡಾ ದಾಟಿಸಬೇಡಿ. ಬಸ್ಸು, ರೈಲಿನಲ್ಲಿ ಕೇಳುವವರಿಗೆ ಹೊರಗಿನ ಶಬ್ದ ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ನಿಜವಾಗಿ ಉಪಕಾರಿ, ಏಕೆಂದರೆ ವಾಲ್ಯೂಮ್ ಏರಿಸುವ ಅಗತ್ಯವೇ ಬೀಳುವುದಿಲ್ಲ. ಈಗಿನ ಹಲವು ಮೊಬೈಲ್‌ಗಳಲ್ಲಿ ವಾಲ್ಯೂಮ್‌ಗೆ ಮಿತಿ ಹಾಕುವ ಸೆಟ್ಟಿಂಗ್ ಇದೆ, ಮಕ್ಕಳ ಫೋನಿಗೆ ಅದನ್ನು ಹಾಕಿ ಕೊಡಿ. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಕಿವಿಗೆ ಫಂಗಸ್ ಬೇಗ ಹಿಡಿಯುತ್ತದೆ. ಇಯರ್‌ಬಡ್ ಒರೆಸಿ ಇಡಿ, ಒಬ್ಬರದ್ದು ಇನ್ನೊಬ್ಬರು ಹಾಕಬೇಡಿ. ಬೈಕ್‌ನಲ್ಲಿ ಹೋಗುವಾಗ, ರಸ್ತೆ ಮತ್ತು ರೈಲು ಹಳಿ ದಾಟುವಾಗ ಎರಡೂ ಕಿವಿಯಿಂದ ತೆಗೆದು ಜೇಬಿಗೆ ಹಾಕಿ. ಇದರಲ್ಲಿ ರಿಯಾಯಿತಿ ಇಲ್ಲ.

ಇಂಕ್ ಪೆನ್: ಕಡಿಮೆ ಖರ್ಚಿನ ದೊಡ್ಡ ಸಂತೋಷ

ಇಂಕ್ ಪೆನ್ ನಡೆಯುವುದು ಸರಳ ತತ್ವದಲ್ಲಿ. ನಿಬ್ಬಿನ ಸೀಳಿನಲ್ಲಿ ಶಾಯಿ ತಾನಾಗಿ ಹರಿದು ಕಾಗದಕ್ಕೆ ಇಳಿಯುತ್ತದೆ, ಹೊರಗೆ ಹೋದ ಶಾಯಿಯ ಜಾಗಕ್ಕೆ ನಿಬ್ಬಿನ ಕೆಳಗಿನ ಫೀಡ್ ಮೂಲಕ ಗಾಳಿ ಒಳಗೆ ಬರುತ್ತದೆ. ಈ ವ್ಯವಸ್ಥೆಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು. ಬಾಲ್ ಪೆನ್ನಿನ ಹಾಗೆ ಒತ್ತಿ ಬರೆಯಬೇಕಾಗಿಲ್ಲ, ಆದ್ದರಿಂದ ತುಂಬಾ ಬರೆಯುವವರ ಬೆರಳು ಬೇಗ ನೋಯುವುದಿಲ್ಲ.

ನಮ್ಮ ದೇಶಕ್ಕೂ ಇದರಲ್ಲಿ ಒಳ್ಳೆಯ ಚರಿತ್ರೆ ಉಂಟು. ಆಂಧ್ರದ ರಾಜಮಂಡ್ರಿಯ ಕೆ.ವಿ. ರತ್ನಂ ಅವರು ಸ್ವದೇಶಿ ಪೆನ್ ಮಾಡಿ ಗಾಂಧೀಜಿಗೆ ಕಳುಹಿಸಿದ್ದರು. ಅದಕ್ಕೆ ಮೆಚ್ಚುಗೆ ಸೂಚಿಸಿ ಗಾಂಧೀಜಿ 1935ರಲ್ಲಿ ಪತ್ರ ಬರೆದರು. ಕ್ಯಾಮ್ಲಿನ್ ಕಂಪೆನಿ 1931ರಲ್ಲಿ ಮುಂಬೈಯಲ್ಲಿ ಶುರುವಾದದ್ದೇ ಶಾಯಿಯಿಂದ. ಬಂಗಾಳದ ಸುಲೇಖಾ ಶಾಯಿ 1934ರದ್ದು. ಬಾಲ್ ಪೆನ್ ಬಂದ ಮೇಲೆ ಇಂಕ್ ಪೆನ್ನಿನ ವ್ಯಾಪಾರ ಇಳಿಯಿತು. ಈಗ ಎಸೆಯುವ ಪ್ಲಾಸ್ಟಿಕ್ ಪೆನ್ನಿನ ಕಸ ತಗ್ಗಿಸಬೇಕು ಅಂತ ಕೇರಳದ ಹಲವು ಶಾಲೆಗಳಲ್ಲಿ ಮಕ್ಕಳಿಗೆ ಮತ್ತೆ ಇಂಕ್ ಪೆನ್ ಕೊಡುವ ಅಭಿಯಾನ ನಡೆದಿದೆ.

ಹೊಸಬರಿಗೆ ಎಫ್ ಅಂದರೆ ಫೈನ್ ನಿಬ್ಬು ಸಾಕು. ಎಂ ಅಂದರೆ ಮೀಡಿಯಂ, ಬಿ ಅಂದರೆ ಬ್ರಾಡ್, ಇವಕ್ಕೆ ಒಳ್ಳೆಯ ಕಾಗದ ಬೇಕು. ಶಾಯಿ ತುಂಬುವ ಕ್ರಮದಲ್ಲೂ ಭೇದ ಉಂಟು: ಮುಗಿದಾಗ ಬದಲಿಸುವ ಕಾರ್ಟ್ರಿಡ್ಜ್, ಬಾಟಲಿಯಿಂದ ಎಳೆಯುವ ಕನ್ವರ್ಟರ್, ಪೆನ್ನಿನೊಳಗೇ ಇರುವ ಪಿಸ್ಟನ್, ನೇರ ಡ್ರಾಪರ್‌ನಲ್ಲಿ ತುಂಬುವುದು. ಬಾಟಲಿ ಶಾಯಿ ಬಳಸುವುದು ಕಾರ್ಟ್ರಿಡ್ಜ್‌ಗಿಂತ ಬಹಳ ಅಗ್ಗ.

ಹಣದ ಲೆಕ್ಕ ಇಲ್ಲಿ ನಮ್ಮ ಪರ. 900 ರೂಪಾಯಿಯ ಒಂದು ಪೆನ್ನನ್ನು ಮೂರು ವರ್ಷ ದಿನವೂ ಬಳಸಿದರೆ ದಿನಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಕ್ಯಾಮ್ಲಿನ್‌ನಂಥ ಸಾದಾ ಪೆನ್ ಇನ್ನೂ ಅಗ್ಗ. ಜರ್ಮನಿಯ ಲ್ಯಾಮಿ ಸಫಾರಿ, ಜಪಾನಿನ ಪೈಲಟ್ ಮುಂತಾದವು ಆಮೇಲಿನ ಮಾತು. ಖರ್ಚು ಜಾಸ್ತಿಯಾಗುವುದು ಪೆನ್ನಿನಿಂದ ಅಲ್ಲ, ಸಂಗ್ರಹದ ಚಟದಿಂದ. ಕಪಾಟಿನಲ್ಲಿ ಹತ್ತು ಪೆನ್ ಒಣಗಿ ಬಿದ್ದಿದ್ದರೆ ಅದು ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಡೆಡ್ ಸ್ಟಾಕಿನ ಹಾಗೆ. ಕೈಯಲ್ಲಿರುವ ಪೆನ್ನಿನಲ್ಲಿ ಒಂದು ಬಾಟಲಿ ಶಾಯಿ ಮುಗಿಸಿದ ಮೇಲೆ ಎರಡನೆಯದನ್ನು ಯೋಚಿಸಿ.

ಕೆಲವು ಎಚ್ಚರಿಕೆ ಗೊತ್ತಿರಬೇಕು. ಚಿತ್ರ ಬಿಡಿಸುವ ಇಂಡಿಯನ್ ಇಂಕ್ ಈ ಪೆನ್ನಿಗೆ ಹಾಕಬೇಡಿ, ಅದು ಒಣಗಿ ಫೀಡ್ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ, ಶಾಯಿ ಬದಲಿಸುವಾಗಲೂ, ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಕುದಿ ನೀರು, ಸ್ಪಿರಿಟ್ ಬೇಡ. ಮಳೆಗಾಲದಲ್ಲಿ ಕಾಗದ ತೇವ ಎಳೆದು ಅಕ್ಷರ ಹರಡಿದರೆ ಪೆನ್ನಿನ ದೋಷ ಅಂತ ತಿಳಿಯಬೇಡಿ, ಪುಸ್ತಕವನ್ನು ಬೆಚ್ಚಗಿನ ಜಾಗದಲ್ಲಿಡಿ. ವಿಮಾನದಲ್ಲಿ ಗಲ್ಫ್‌ಗೆ ಹೋಗುವವರು ಪೆನ್ನನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಾಗಿ ಇಡಿ. ಅರ್ಧ ತುಂಬಿದ ಪೆನ್ನಿನೊಳಗಿನ ಗಾಳಿ ಮೇಲೆ ಹೋದಾಗ ಹಿಗ್ಗಿ ಶಾಯಿಯನ್ನು ಅಂಗಿಯ ಜೇಬಿಗೆ ತಳ್ಳುತ್ತದೆ. ವ್ಯಾಪಾರಸ್ಥರಿಗೆ ಇನ್ನೊಂದು ಮಾತು: ನೀರಿಗೆ ತೊಳೆದು ಹೋಗುವ ಶಾಯಿಯಲ್ಲಿ ಚೆಕ್, ಕರಾರು ಪತ್ರ ಬರೆಯಬೇಡಿ. ಅಳಿಸಿ ತಿದ್ದಲಿಕ್ಕೆ ಅವಕಾಶ ಕೊಟ್ಟ ಹಾಗೆ ಆಗುತ್ತದೆ. ಅದಕ್ಕೆ ಗಾಢ ಬಣ್ಣದ, ಅಳಿಸದ ಶಾಯಿಯೇ ಬೇಕು.

ಆನ್‌ಲೈನ್ ಗೇಮ್: ಆಟ ಯಾವುದು, ಜೂಜು ಯಾವುದು

ಗೇಮ್ ಆಡುವ ಎಲ್ಲ ಮಕ್ಕಳೂ ಹಾಳಾದರು ಅನ್ನುವುದು ಸರಿಯಲ್ಲ. ಚೆಸ್, ಫುಟ್‌ಬಾಲ್, ಕಾರ್ ರೇಸ್, ಗೆಳೆಯರ ಜೊತೆ ಸೇರಿ ಆಡುವ ಬ್ಯಾಟಲ್ ಗೇಮ್, ಇದೆಲ್ಲ ಆಟವೇ. ಲಿಚೆಸ್ ಎಂಬ ಚೆಸ್ ತಾಣದಲ್ಲಿ ಒಂದು ಪೈಸೆ ಕೊಡದೆ, ಜಾಹೀರಾತು ಇಲ್ಲದೆ ಆಡಬಹುದು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕಗಳೂ ಇದ್ದವು.

ಗೆದ್ದರೆ ದುಡ್ಡು ಸಿಗುತ್ತದೆ ಎಂಬ ಆಸೆಯಿಂದ ನಮ್ಮ ದುಡ್ಡು ಹಾಕಿ ಆಡುವುದು ಬೇರೆ. ಇದರ ಬಗ್ಗೆ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆ ‘ಇದು ಕೌಶಲದ ಆಟ, ಅದು ಅದೃಷ್ಟದ ಆಟ’ ಅಂತ ಭೇದ ಮಾಡುವುದಿಲ್ಲ. ರಮ್ಮಿ, ಪೋಕರ್, ಹಣ ಕಟ್ಟುವ ಫ್ಯಾಂಟಸಿ ಕ್ರಿಕೆಟ್ ಎಲ್ಲವೂ ಹಣದ ಆಟದ ಸಾಲಿಗೇ ಬಂದವು. ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಬ್ಯಾಂಕುಗಳು ಇದಕ್ಕೆ ಹಣ ದಾಟಿಸುವ ಹಾಗಿಲ್ಲ. ಬರೀ ಆಡಿದವನಿಗೆ ಕಾಯ್ದೆಯಲ್ಲಿ ಶಿಕ್ಷೆ ಹೇಳಿಲ್ಲ.

ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದರೂ ಟೆಲಿಗ್ರಾಮ್, ವಾಟ್ಸ್ಆ್ಯಪ್ ಲಿಂಕ್‌ಗಳಲ್ಲಿ ಬರುವ ಹೊರದೇಶದ ಬೆಟ್ಟಿಂಗ್ ತಾಣಗಳ ಅಪಾಯ ಇದ್ದೇ ಇದೆ. ಅಲ್ಲಿ ಹೋದ ದುಡ್ಡನ್ನು ಯಾರಲ್ಲಿ ಕೇಳುವುದು? ಇದಕ್ಕಿಂತ ದೊಡ್ಡ ಅಪಾಯ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡುವುದು. ‘ನಿನ್ನ ಅಕೌಂಟಿಗೆ ದುಡ್ಡು ಬರುತ್ತದೆ, ತೆಗೆದು ಕೊಟ್ಟರೆ ಕಮಿಷನ್’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಟ್ಟಿಂಗ್ ಅಥವಾ ವಂಚನೆಯ ದುಡ್ಡು ನಿಮ್ಮ ಹೆಸರಿನಲ್ಲಿ ಓಡಾಡಿದರೆ ಖಾತೆ ಮುಟ್ಟುಗೋಲಾಗುತ್ತದೆ, ಪೊಲೀಸರು ಮೊದಲು ಹುಡುಕಿ ಬರುವುದು ನಿಮ್ಮ ಮನೆಗೇ. ಪಾಸ್‌ಪೋರ್ಟ್, ವೀಸಾ ಆಸೆ ಇಟ್ಟುಕೊಂಡ ಹುಡುಗನಿಗೆ ಒಂದು ಕೇಸು ಸಾಕು, ಮುಂದಿನ ದಾರಿ ಕಟ್ಟಿ ಹೋಗಲಿಕ್ಕೆ. ದುಡ್ಡು ಕಳೆದುಕೊಂಡವರು ತಡ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಕಾನೂನು ಒಪ್ಪುವ ಉಚಿತ ಗೇಮ್‌ಗಳಲ್ಲೂ ಖರ್ಚು ಇದೆ. ಬಟ್ಟೆ, ಬಂದೂಕಿನ ಬಣ್ಣ, ಏನು ಸಿಗುತ್ತದೆ ಅಂತ ಗೊತ್ತಿಲ್ಲದೆ ತೆರೆಯುವ ಪೆಟ್ಟಿಗೆ. ದಿನಕ್ಕೆ 50 ರೂಪಾಯಿ ಅಂದರೆ ಸಣ್ಣ ಮೊತ್ತ ಅನಿಸಬಹುದು. ವರ್ಷಕ್ಕೆ ಅದು 18,250 ರೂಪಾಯಿ. ಆ್ಯಪ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಿಡಿ, ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.

ಚಟ ಅಂತ ಯಾವಾಗ ಹೇಳಬಹುದು

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಮೂರು ಲಕ್ಷಣ: ಆಟವನ್ನು ಹಿಡಿತದಲ್ಲಿಡಲು ಆಗದಿರುವುದು, ಊಟ, ನಿದ್ದೆ, ಓದು, ಮನೆಯವರಿಗಿಂತ ಆಟವೇ ಮೊದಲಾಗುವುದು, ನಷ್ಟ ಕಣ್ಣೆದುರು ಇದ್ದರೂ ಮುಂದುವರಿಸುವುದು. ಇದು ಸಾಮಾನ್ಯವಾಗಿ 12 ತಿಂಗಳು ಕಂಡುಬಂದರೆ ಡಾಕ್ಟರರು ಆ ಹೆಸರು ಕೊಡುತ್ತಾರೆ. ಎರಡು ದಿನ ರಜೆಯಲ್ಲಿ ಜಾಸ್ತಿ ಆಡಿದ ಮಗನನ್ನು ರೋಗಿ ಅನ್ನಬೇಡಿ. ಆದರೆ ಲಕ್ಷಣ ಕಂಡರೆ ವರ್ಷ ಕಾಯಬೇಕು ಅಂತಲೂ ಇಲ್ಲ.

ಉಮ್ಮ-ಬಾಪಂದಿರು ಫೋನ್ ಕಿತ್ತು ಬಡಿದರೆ ಮಗ ಬೇರೆಯವರ ಫೋನಿನಲ್ಲಿ ಆಡುತ್ತಾನೆ, ಸಾಲ ಮಾಡಿದ್ದರೆ ಅದನ್ನೂ ಮುಚ್ಚಿಡುತ್ತಾನೆ. ಮೊದಲು ಕೂರಿಸಿ ಕೇಳಿ, ಎಷ್ಟು ಹೋಗಿದೆ ಅಂತ ಲೆಕ್ಕ ತೆಗೆಯಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡ, ಮಲಯಾಳ ಎರಡೂ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಗೇಮ್ ಚಟಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಕೇರಳ ಪೊಲೀಸರ ಡಿ-ಡ್ಯಾಡ್ ಯೋಜನೆಯಲ್ಲಿ ಮಕ್ಕಳಿಗೆ ಕೌನ್ಸೆಲಿಂಗ್ ಕೊಡುತ್ತಾರೆ.

ಒಂದು ಪುಟದ ಲೆಕ್ಕ

ತಿಂಗಳ ಮೊದಲ ದಿನ ಒಂದು ಪುಟದಲ್ಲಿ ಮೂರು ಸಾಲು ಬರೆಯಿರಿ. ಹಣ: ಮನೆ ಖರ್ಚು, ಉಳಿತಾಯ ತೆಗೆದಿಟ್ಟ ಮೇಲೆ ಹವ್ಯಾಸಕ್ಕೆ ಇಷ್ಟು, ಅದರ ಮೇಲೆ ಇಲ್ಲ, ಸಾಲ ಮಾಡಿ ಅಥವಾ ಇಎಂಐ ಹಾಕಿ ಹವ್ಯಾಸದ ಸಾಮಾನು ಬೇಡ. ಸಮಯ: ದಿನಕ್ಕೆ ಇಷ್ಟು, ನಿದ್ದೆಯಿಂದ ಕದ್ದದ್ದು ಲೆಕ್ಕಕ್ಕಿಲ್ಲ. ದೇಹ: ಕಿವಿ, ಕಣ್ಣು, ಕುತ್ತಿಗೆ ಹೇಗಿದೆ. ತಿಂಗಳ ಕೊನೆಗೆ ಅದೇ ಪುಟದಲ್ಲಿ ನಿಜವಾಗಿ ಎಷ್ಟಾಯಿತು ಅಂತ ಬರೆಯಿರಿ. ಮೊಬೈಲ್‌ನ ಸ್ಕ್ರೀನ್ ಟೈಮ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ನೋಡಿ ಬರೆದರೆ ನಮಗೆ ನಾವೇ ಸುಳ್ಳು ಹೇಳಿಕೊಳ್ಳಲಿಕ್ಕೆ ಆಗುವುದಿಲ್ಲ.

ಮೂರು ಸಾಲೂ ಮಿತಿಯೊಳಗೆ ಇದ್ದರೆ ಹಾಡು ಕೇಳಿ, ಬರೆಯಿರಿ, ಆಡಿ. ಯಾರ ಹತ್ತಿರವೂ ಸಂಕೋಚ ಪಡಬೇಕಾಗಿಲ್ಲ.