ದೋರಸಮುದ್ರಕ್ಕೆ ಒಂದು ಇಡೀ ದಿನ

ಮಳೆಗಾಲದಲ್ಲಿ ಹೇಮಾವತಿ ಜಲಾಶಯ ತುಂಬಿತೆಂದರೆ ಗೊರೂರಿಗೆ ಜನ ಹರಿದುಬರುತ್ತಾರೆ. ಅಣೆಕಟ್ಟು ನೋಡಿ, ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯನ್ನು ನೋಡಿ, ಹಾಸನದ ಮೂಲಕ ಬೇಲೂರಿಗೆ ಹೋಗಿ, ಕತ್ತಲಾಗುವ ಮೊದಲು ಹಳೇಬೀಡನ್ನೂ 'ಮುಗಿಸುವುದು' ಈ ಭಾಗದ ಪ್ರವಾಸದ ರೂಢಿ. ಹೀಗೆ ಮುಗಿಸುವವರ ಪಾಲಿಗೆ ಹಳೇಬೀಡೆಂದರೆ ಒಂದು ದೇವಾಲಯ, ಒಂದು ಹುಲ್ಲುಹಾಸು, ಮುಕ್ಕಾಲು ಗಂಟೆಯ ಸುತ್ತಾಟ. ವಾಸ್ತವವಾಗಿ ಅದು ಒಂದು ದೇವಾಲಯದ ಊರಲ್ಲ. ಎರಡು ಶತಮಾನಗಳಿಗೂ ಹೆಚ್ಚು ಕಾಲ ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ ಅದು. ರಾಜಧಾನಿಯನ್ನು ನೋಡಬೇಕಾದರೆ ಪ್ರವಾಸದ ಲೆಕ್ಕಾಚಾರವನ್ನೇ ಬದಲಿಸಬೇಕಾಗುತ್ತದೆ.

ಹೊಯ್ಸಳರು ಮೂಲತಃ ಮಲೆನಾಡಿನವರು. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಅಂದಿನ ಸೊಸೆವೂರು, ಅವರ ಮೊದಲ ನೆಲೆ. ಅಲ್ಲಿಂದ ಬೇಲೂರಿಗೂ, ಮುಂದೆ ದೋರಸಮುದ್ರಕ್ಕೂ ಅವರು ಇಳಿದು ಬಂದರು. ಮಲೆನಾಡಿನ ಅಂಚಿನಿಂದ ಬಯಲುಸೀಮೆಯತ್ತ ಸರಿಯುವ ರಾಜಮನೆತನಕ್ಕೆ ಬೇಕಾದದ್ದು ನೀರು. ಹಳೆಗನ್ನಡ ಶಾಸನಗಳಲ್ಲಿ 'ಸಮುದ್ರ' ಎಂದರೆ ದೊಡ್ಡ ಕೆರೆ. ಊರಿಗೆ ಹೆಸರು ಬಂದದ್ದೇ ಕೆರೆಯಿಂದ. ಆದ್ದರಿಂದ ಹಳೇಬೀಡಿನ ವೀಕ್ಷಣೆ ಕೆರೆಯ ಏರಿಯಿಂದ ಆರಂಭವಾಗುವುದು ಉಚಿತ. ಕೆರೆಯನ್ನು ನೋಡದೆ ಈ ರಾಜಧಾನಿ ಇಲ್ಲೇಕೆ ಬೆಳೆಯಿತೆಂಬುದು ತಿಳಿಯುವುದಿಲ್ಲ.

ಬೆಳಗಿನ ಹೊತ್ತನ್ನು ಬಸ್ತಿಹಳ್ಳಿಯ ಜೈನ ಬಸದಿಗಳಿಗೆ ಮೀಸಲಿಡಬಹುದು. ದೊಡ್ಡ ದೇವಾಲಯದಿಂದ ನಡೆದೇ ಹೋಗಬಹುದಾದ ದೂರದಲ್ಲಿರುವ ಇಲ್ಲಿಗೆ ಬರುವವರು ಕಡಿಮೆ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಒಂದೇ ಆವರಣದಲ್ಲಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ. ಈತ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಯುದ್ಧದಲ್ಲಿ ಜಯ, ಮನೆಯಲ್ಲಿ ಗಂಡುಮಗು. ಎರಡೂ ಸುದ್ದಿಗಳ ಸಂತೋಷದಲ್ಲಿದ್ದ ಅರಸ ದೇವರಿಗೆ ವಿಜಯಪಾರ್ಶ್ವನಾಥನೆಂದು ಹೆಸರಿಟ್ಟನೆಂದು ಶಾಸನ ತಿಳಿಸುತ್ತದೆ. ಹೊರಗೋಡೆಯಲ್ಲಿ ಶಿಲ್ಪವೈಭವವಿಲ್ಲ. ಒಳಗೆ ಚರಕಿಯಲ್ಲಿ ಕಡೆದು ಮೆರುಗುಕೊಟ್ಟ ಕಂಬಗಳಲ್ಲಿ ನೋಡುವವರ ನೆರಳು ಕಾಣುತ್ತದೆ.

ಬಸದಿಗಳ ಸಮೀಪದಲ್ಲೇ ಕೇದಾರೇಶ್ವರ ದೇವಾಲಯವಿದೆ. ಇಮ್ಮಡಿ ಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ 1219ರ ಸುಮಾರಿಗೆ ಕಟ್ಟಿಸಿದ ಇದು ಗಾತ್ರದಲ್ಲಿ ಚಿಕ್ಕದು, ಕುಸುರಿಯಲ್ಲಿ ದೊಡ್ಡದು. ಇಲ್ಲಿಂದ ಹುಲಿಕೆರೆಗೆ ಹೋದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಯ್ಸಳರ ಕಾಲದ ಕಲ್ಯಾಣಿ, ಅದರ ಸುತ್ತ ಪುಟ್ಟ ಗುಡಿಗಳ ಸಾಲು. ಹಿಂತಿರುಗುವಾಗ ಹೊಲಗದ್ದೆಗಳ ನಡುವೆ ದಪ್ಪ ಕಲ್ಲುಗಳ ಕೋಟೆಗೋಡೆ ಅಲ್ಲಲ್ಲಿ ಎದುರಾಗುತ್ತದೆ. ಅರಮನೆ ಉಳಿದಿಲ್ಲ. ನಗರೇಶ್ವರದ ಬಳಿ ಉತ್ಖನನದಲ್ಲಿ ಬೆಳಕಿಗೆ ಬಂದ ದೇವಾಲಯಗಳ ತಳಪಾಯಗಳನ್ನು ನೋಡಿದರೆ, ಈಗ ರಾಗಿ ಬೆಳೆಯುವ ನೆಲದಡಿ ಏನೆಲ್ಲ ಇರಬಹುದೆಂಬ ಊಹೆ ಮೂಡುತ್ತದೆ.

ಹೊಯ್ಸಳೇಶ್ವರ ದೇವಾಲಯವನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳುವುದಕ್ಕೆ ಕಾರಣವಿದೆ. ದೇವಾಲಯದ ಬಾಗಿಲು ಪೂರ್ವಕ್ಕೆ. ಅತ್ಯುತ್ತಮ ಮೂರ್ತಿಶಿಲ್ಪಗಳ ಸಾಲು ಪಶ್ಚಿಮದ ಹಿಂಗೋಡೆಯಲ್ಲಿ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಆ ಬಳಪದ ಕಲ್ಲಿನ ಆಳ ಎದ್ದು ಕಾಣುತ್ತದೆ. ಈ ದೇವಾಲಯವನ್ನು 1121ರಲ್ಲಿ ಕಟ್ಟಿಸತೊಡಗಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವೈಷ್ಣವ ಅರಸನ ಹೆಸರಿನಲ್ಲಿ ಇಲ್ಲಿ ಶಿವಾಲಯ. ದಂಡನಾಯಕನ ಮಗನಿಂದ ಕೂಗಳತೆಯಲ್ಲಿ ಜೈನ ಬಸದಿ. ರಾಜಧಾನಿಯೆಂದರೆ ಏನೆಂಬುದು ಇವೆರಡನ್ನೂ ಒಂದೇ ದಿನ ನೋಡಿದವರಿಗೆ ಅರ್ಥವಾಗುತ್ತದೆ. ಎರಡು ಗರ್ಭಗುಡಿಗಳ ಮೇಲೂ ಶಿಖರಗಳಿಲ್ಲ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣಕಥೆ, ಮಕರ, ಹಂಸ. ಒಂದೊಂದು ಪಟ್ಟಿಕೆಯನ್ನೂ ಅನುಸರಿಸಿ ಸುತ್ತು ಬರುವುದಕ್ಕೇ ಒಂದು ಗಂಟೆ ಬೇಕು.

ಅದೇ ಆವರಣದಲ್ಲಿ ಬಹಳಷ್ಟು ಜನ ಗಮನಿಸದೆ ಹೋಗುವ ಕಂಬವೊಂದಿದೆ. ಇಮ್ಮಡಿ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ಸ್ಮಾರಕ ಅದು. ಅರಸ 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮನೂ ಅವನ ಹೆಂಡತಿ, ಸಂಗಾತಿಗಳೂ ಪ್ರಾಣಾರ್ಪಣೆ ಮಾಡಿದರು. ಒಡೆಯನೊಂದಿಗೆ ಸಾಯುವ ಪ್ರತಿಜ್ಞೆ ತೊಟ್ಟ ಇಂಥವರನ್ನು ಗರುಡರೆಂದು ಕರೆಯುತ್ತಿದ್ದರು. ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುತ್ತಿರುವ ವೀರರು ಈ ಕಂಬದ ಮೇಲೆ ಇದ್ದಾರೆ. ಶಿಲ್ಪಕಲೆಯ ವೈಭವದ ಪಕ್ಕದಲ್ಲಿ ಆ ವೈಭವ ಕೇಳುತ್ತಿದ್ದ ಬೆಲೆಯೂ ಹೀಗೆ ಕಲ್ಲಿನಲ್ಲಿ ನಿಂತಿದೆ.

ಈ ನಗರ ಹಾಳಾದದ್ದು ಒಂದೇ ಏಟಿಗಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದಾಗ ಮುಮ್ಮಡಿ ಬಲ್ಲಾಳ ಪಾಂಡ್ಯರ ಅಂತಃಕಲಹದ ಲಾಭ ಪಡೆಯಲು ತಮಿಳುನಾಡಿನತ್ತ ಹೋಗಿದ್ದ. ಹಿಂದಿರುಗಿ ಬಂದವನು ಸಂಪತ್ತು, ಆನೆ, ಕುದುರೆಗಳನ್ನು ಒಪ್ಪಿಸಿ ಶರಣಾದ. ನಗರ ಚೇತರಿಸಿಕೊಂಡಿತು. 1327ರ ಸುಮಾರಿಗೆ ತುಘಲಕನ ಸೈನ್ಯ ಮತ್ತೆ ಎರಗಿದ ಬಳಿಕ ಚೇತರಿಕೆ ಸಾಧ್ಯವಾಗಲಿಲ್ಲ. ಬಲ್ಲಾಳ ತಿರುವಣ್ಣಾಮಲೆಯನ್ನು ನೆಲೆ ಮಾಡಿಕೊಂಡ. ಮಧುರೆಯ ಸುಲ್ತಾನರೊಡನೆ ಹೋರಾಡುತ್ತ ಮಡಿದ. ಅರಸನ ಬೀಡು ಜನರ ಬಾಯಲ್ಲಿ ಹಳೆಯ ಬೀಡಾಯಿತು.

ಬೇಲೂರು, ಸೋಮನಾಥಪುರಗಳೊಡನೆ ಹೊಯ್ಸಳೇಶ್ವರ ದೇವಾಲಯವೂ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದರಿಂದ ಪ್ರವಾಸಿಗರ ಗಮನ ಮತ್ತಷ್ಟು ಒಂದೇ ಕಟ್ಟಡದ ಮೇಲೆ ನೆಡುವ ಸಂಭವವಿದೆ. ಜನ ನೋಡದ ಜಾಗವನ್ನು ಕಾಪಾಡಬೇಕೆಂದು ಕೇಳುವವರೂ ಇರುವುದಿಲ್ಲ. ಹೊಲದ ಬದುವಿನ ಕೋಟೆಗಲ್ಲು ಕಳಚಿ ಹೋದರೆ ರಾಜಧಾನಿಯ ಅಳತೆಯೇ ಅಳಿದಂತೆ.

ಆದ್ದರಿಂದ ಗೊರೂರು, ಶೆಟ್ಟಿಹಳ್ಳಿಗಳಿಗೆ ಒಂದು ದಿನ, ಬೇಲೂರಿಗೆ ಮರುದಿನ, ಹದಿನಾರು ಕಿ.ಮೀ. ದೂರದ ಹಳೇಬೀಡಿಗೆ ಮತ್ತೊಂದು ಇಡೀ ದಿನ ಎಂದು ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು. ದೇವಾಲಯದ ಆವರಣದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಿರುವುದರಿಂದ ಆ ದಿನವನ್ನು ಬಿಡಬೇಕು. ಮೂರು ದಿನ ಸಾಧ್ಯವಾಗದಿದ್ದರೆ ನೋಡುವ ಊರುಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು. ದೋರಸಮುದ್ರದ ದಿನವನ್ನು ಮೊಟಕು ಮಾಡಬಾರದು.