ಜಗತ್ತಿಗೊಂದು ಭಾಷೆ: 1879ರಿಂದ 1923ರವರೆಗಿನ ಮೂರು ನಿರ್ಣಾಯಕ ಸಂದರ್ಭಗಳು

ಸಾರಾಂಶ

ಇಡೀ ಜಗತ್ತಿಗೆ ಒಂದು ಸಾಮಾನ್ಯ ಭಾಷೆ ಇರಬೇಕೇ ಎಂಬ ಪ್ರಶ್ನೆಯನ್ನು ಈ ಪ್ರಬಂಧವು ವೊಲಾಪ್ಯೂಕ್ ಮತ್ತು ಎಸ್ಪೆರಾಂಟೊ ಭಾಷೆಗಳ ಚರಿತ್ರೆಯ ಮೂಲಕ ಪರಿಶೀಲಿಸುತ್ತದೆ. 1889, 1907 ಮತ್ತು 1922–23ರ ಮೂರು ಸಂದರ್ಭಗಳಲ್ಲಿಯೂ ನಿರ್ಣಾಯಕವಾದದ್ದು ಭಾಷಾರಚನೆಯ ಗುಣದೋಷವಲ್ಲ, ಭಾಷೆಯ ಮೇಲಿನ ಅಧಿಕಾರದ ಪ್ರಶ್ನೆ ಎಂದು ಇಲ್ಲಿ ವಾದಿಸಲಾಗಿದೆ.

ಕೀಲಿಪದಗಳು: ಯೋಜಿತ ಭಾಷೆ, ಸಹಾಯಕ ಭಾಷೆ, ಭಾಷಾ ನೀತಿ, ಭಾಷಾ ಬದಲಾವಣೆ

1. ಪ್ರಶ್ನೆಯ ಸ್ವರೂಪ

ಜಗತ್ತಿಗೆಲ್ಲ ಒಂದೇ ಭಾಷೆ ಇದ್ದರೆ ಒಳಿತಲ್ಲವೇ ಎಂಬ ಪ್ರಶ್ನೆ ಭಾಷಾವಿಜ್ಞಾನದ ತರಗತಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ನಾವು ಸಾಮಾನ್ಯವಾಗಿ ಭಾಷಾವೈವಿಧ್ಯದ ಮೌಲ್ಯವನ್ನು ನೆನಪಿಸಿ ಮುಂದೆ ಸಾಗುತ್ತೇವೆ. ಆದರೆ ಅದು ಪೂರ್ಣ ಉತ್ತರವಲ್ಲ. ಏಕೆಂದರೆ ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಎಲ್ಲರೂ ತಮ್ಮ ತಮ್ಮ ಭಾಷೆಗಳನ್ನು ತೊರೆದು ಒಂದೇ ಭಾಷೆಯನ್ನಾಡಬೇಕೇ ಎಂಬುದು ಮೊದಲನೆಯದು. ಪ್ರತಿಯೊಬ್ಬರೂ ತಮ್ಮ ಭಾಷೆಯನ್ನು ಉಳಿಸಿಕೊಂಡು, ಎಲ್ಲರಿಗೂ ಸಮಾನವಾದ ಎರಡನೆಯ ಭಾಷೆಯೊಂದನ್ನು ಕಲಿಯಬೇಕೇ ಎಂಬುದು ಎರಡನೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಹುಟ್ಟಿದ ಭಾಷಾ ಚಳವಳಿಗಳು ಗಂಭೀರವಾಗಿ ಕೈಗೆತ್ತಿಕೊಂಡದ್ದು ಈ ಎರಡನೆಯ ಪ್ರಶ್ನೆಯನ್ನು. ಅವುಗಳ ಸೋಲನ್ನು ಮೊದಲನೆಯ ಪ್ರಶ್ನೆಗೆ ದೊರೆತ ಉತ್ತರವೆಂದು ಓದುವುದು ತಪ್ಪಾಗುತ್ತದೆ. ಅವು ಸೋತದ್ದು ಏಕೆ ಎಂಬುದನ್ನು ಮೂರು ಸಂದರ್ಭಗಳಲ್ಲಿಟ್ಟು ನೋಡುವುದು ನಮ್ಮ ಉದ್ದೇಶ.

2. ವೊಲಾಪ್ಯೂಕ್: ಕರ್ತೃವಿನ ಹಕ್ಕು

ದಕ್ಷಿಣ ಜರ್ಮನಿಯ ಬಾಡೆನ್ ಪ್ರಾಂತದ ಕ್ಯಾಥೊಲಿಕ್ ಪಾದ್ರಿ ಯೋಹಾನ್ ಮಾರ್ಟಿನ್ ಶ್ಲೈಯರ್ 1879–80ರಲ್ಲಿ ವೊಲಾಪ್ಯೂಕ್ ಭಾಷೆಯನ್ನು ಪ್ರಕಟಿಸಿದನು. ಜಗತ್ತು ಎಂಬರ್ಥದ ಇಂಗ್ಲಿಷ್ ಪದವೇ ಇಲ್ಲಿ ‘ವೊಲ್’ ಆಯಿತು. ಮಾತು ಎಂಬರ್ಥದ್ದು ‘ಪ್ಯೂಕ್’ ಆಯಿತು. ನಡುವಿನ ‘ಆ’ ಷಷ್ಠೀ ವಿಭಕ್ತಿಯ ಪ್ರತ್ಯಯ. ಮೂಲಪದಗಳು ಗುರುತು ಸಿಗದಷ್ಟು ಬದಲಾಗಿದ್ದರೂ, ಕ್ರಿಯಾರೂಪಗಳು ಜಟಿಲವಾಗಿದ್ದರೂ ಭಾಷೆಯು ವೇಗವಾಗಿ ಹರಡಿತು. ಸಂಘಗಳು, ಪತ್ರಿಕೆಗಳು ಹುಟ್ಟಿಕೊಂಡವು. 1884ರಲ್ಲಿ ಫ್ರೀಡ್ರಿಶ್‌ಹಾಫೆನ್‌ನಲ್ಲಿ, 1887ರಲ್ಲಿ ಮ್ಯೂನಿಕ್‌ನಲ್ಲಿ, 1889ರಲ್ಲಿ ಪ್ಯಾರಿಸ್‌ನಲ್ಲಿ ಸಮ್ಮೇಳನಗಳು ನಡೆದವು. ಪ್ಯಾರಿಸ್ ಸಮ್ಮೇಳನದ ಕಲಾಪಗಳು ವೊಲಾಪ್ಯೂಕಿನಲ್ಲಿಯೇ ಜರುಗಿದವು. ಕಲಿಯಲು ಕಠಿಣವಾದ ಕೃತಕ ಭಾಷೆ ಬಳಕೆಗೆ ಬರಲಾರದು ಎಂಬ ವಾದವನ್ನು ಆ ಸಮ್ಮೇಳನವೇ ಅಲ್ಲಗಳೆದಂತಾಯಿತು.

ಕುಸಿತವೂ ಅಲ್ಲಿಂದಲೇ ಆರಂಭವಾಯಿತು. ಆಗಸ್ಟ್ ಕೆರ್ಕ್‌ಹಾಫ್ಸ್ ನೇತೃತ್ವದ ಅಕಾಡೆಮಿಯು ವ್ಯಾಕರಣವನ್ನು ಸರಳಗೊಳಿಸಬಯಸಿತು. ಶ್ಲೈಯರ್ ತನ್ನ ಭಾಷೆಯ ಮೇಲೆ ಕೊನೆಯ ಮಾತು ತನ್ನದೇ ಆಗಿರಬೇಕೆಂದು ಪಟ್ಟು ಹಿಡಿದನು. 1891ರಲ್ಲಿ ಕೆರ್ಕ್‌ಹಾಫ್ಸ್ ಹೊರಬಂದನು. ಉಳಿದ ಅಕಾಡೆಮಿಯು ಕ್ರಮೇಣ ‘ಇಡಿಯಮ್ ನ್ಯೂಟ್ರಲ್’ ಎಂಬ ಬೇರೆಯೇ ಭಾಷೆಯೊಂದನ್ನು ರೂಪಿಸಿತು. ವೊಲಾಪ್ಯೂಕನ್ನು ಮುರಿದದ್ದು ಅದರ ವಿಭಕ್ತಿಗಳಲ್ಲ. ಕಲಿತವರಿಗೂ ಕರ್ತೃವಿಗೂ ನಡುವೆ ಎದ್ದ ಒಡೆತನದ ವ್ಯಾಜ್ಯ.

3. ಎಸ್ಪೆರಾಂಟೊ: ಬಿಟ್ಟುಕೊಟ್ಟ ಹಕ್ಕು

ಲುದ್ವಿಕ್ ಜಾಮೆನ್‌ಹಾಫ್ 1859ರಲ್ಲಿ ಹುಟ್ಟಿದ್ದು ಅಂದಿನ ರಷ್ಯನ್ ಸಾಮ್ರಾಜ್ಯದ ಬಿಯಾಲಿಸ್ತೋಕ್ ಪಟ್ಟಣದಲ್ಲಿ. ಯಿಡ್ಡಿಷ್, ಪೋಲಿಷ್, ರಷ್ಯನ್, ಜರ್ಮನ್ ಭಾಷಿಕರು ಪರಸ್ಪರ ಅಪನಂಬಿಕೆಯಿಂದ ಬದುಕುತ್ತಿದ್ದ ಊರು ಅದು. ವೃತ್ತಿಯಿಂದ ಕಣ್ಣಿನ ವೈದ್ಯನಾದ ಆತ 1887ರಲ್ಲಿ ವಾರ್ಸಾದಲ್ಲಿ, ‘ಆಶಿಸುವವನು’ ಎಂಬರ್ಥದ ಡಾಕ್ಟರ್ ಎಸ್ಪೆರಾಂಟೊ ಎಂಬ ಹೆಸರಿನಲ್ಲಿ ತನ್ನ ಮೊದಲ ಪುಸ್ತಕವನ್ನು ರಷ್ಯನ್ ಭಾಷೆಯಲ್ಲಿ ಹೊರತಂದನು. ಹದಿನಾರು ವ್ಯಾಕರಣ ನಿಯಮಗಳು ಮತ್ತು ಸುಮಾರು 900 ಧಾತುಗಳು ಅದರಲ್ಲಿದ್ದವು. ಅಂತರರಾಷ್ಟ್ರೀಯ ಭಾಷೆಯು ಯಾವುದೇ ರಾಷ್ಟ್ರಭಾಷೆಯಂತೆ ಎಲ್ಲರ ಸ್ವತ್ತು, ಅದರ ಮೇಲೆ ತನಗೆ ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿ ಆತ ಘೋಷಿಸಿದ್ದನು. 1894ರಲ್ಲಿ ತಾನೇ ಸಿದ್ಧಪಡಿಸಿದ ಸುಧಾರಣೆಗಳನ್ನು ಪತ್ರಿಕೆಯ ಚಂದಾದಾರರ ಮತಕ್ಕೆ ಹಾಕಿದಾಗ ಬಹುಮತವು ಅವನ್ನು ತಿರಸ್ಕರಿಸಿತು; ಆತ ಅದನ್ನು ಒಪ್ಪಿಕೊಂಡನು.

1905ರಲ್ಲಿ ಫ್ರಾನ್ಸಿನ ಬುಲೋನ್-ಸುರ್-ಮೇರ್‌ನಲ್ಲಿ ನಡೆದ ಮೊದಲ ವಿಶ್ವ ಸಮ್ಮೇಳನದ ಘೋಷಣೆ ಎರಡು ಕಾರಣಗಳಿಗಾಗಿ ಮುಖ್ಯ. ಇರುವ ಭಾಷೆಗಳ ಸ್ಥಾನವನ್ನು ಆಕ್ರಮಿಸುವ ಉದ್ದೇಶ ತಮಗಿಲ್ಲವೆಂದು ಅದು ಸ್ಪಷ್ಟಪಡಿಸಿತು. ಭಾಷೆಗೆ ಯಾವ ವ್ಯಕ್ತಿಯೂ ಶಾಸನಕರ್ತನಲ್ಲ, ‘ಫುಂದಮೆಂತೊ’ ಎಂಬ ಆಧಾರಗ್ರಂಥವೊಂದೇ ಪ್ರಮಾಣ ಎಂದೂ ಅದು ಹೇಳಿತು.

ಈ ನಿಲುವಿಗೆ ಪರೀಕ್ಷೆ ಎದುರಾದದ್ದು 1907ರಲ್ಲಿ. ತತ್ತ್ವಜ್ಞ ಲೂಯಿ ಕುತುರಾ ಮತ್ತು ಗಣಿತಜ್ಞ ಲಿಯೊಪೋಲ್ ಲೋ ಹುಟ್ಟುಹಾಕಿದ್ದ ನಿಯೋಗವೊಂದರ ಸಮಿತಿ ಪ್ಯಾರಿಸ್‌ನಲ್ಲಿ ಸೇರಿತು. ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್ ಅಲ್ಲದೆ ಒಟ್ಟೊ ಯೆಸ್ಪರ್ಸನ್ ಮತ್ತು ಬೋದ್ವೆನ್ ದ ಕುರ್ತೆನೆಯಂಥ ಭಾಷಾವಿಜ್ಞಾನಿಗಳೂ ಅದರಲ್ಲಿದ್ದರು. ಸಮಿತಿಯು ಎಸ್ಪೆರಾಂಟೊವನ್ನು ತಾತ್ತ್ವಿಕವಾಗಿ ಒಪ್ಪಿ, ಬದಲಾವಣೆಗಳನ್ನು ಬಯಸಿತು. ಅದರಿಂದ ‘ಇಡೊ’ ಹುಟ್ಟಿತು. ವಿಶೇಷ ಚಿಹ್ನೆಗಳ ಅಕ್ಷರಗಳು, ವಿಶೇಷಣ–ವಿಶೇಷ್ಯಗಳ ಹೊಂದಾಣಿಕೆ, ಎಲ್ಲೆಡೆ ಕಡ್ಡಾಯವಾಗಿದ್ದ ದ್ವಿತೀಯಾ ವಿಭಕ್ತಿ ಇವನ್ನೆಲ್ಲ ಇಡೊ ಕೈಬಿಟ್ಟಿತು. ಇಡೊ ಹೆಚ್ಚು ಸುಗಮವೆಂದು ಯೆಸ್ಪರ್ಸನ್‌ನಂಥವರು ನಂಬಿದರು. ನಾಯಕರಲ್ಲಿ ಹಲವರು ಅತ್ತ ಹೋದರು; ಭಾಷಿಕ ಸಮುದಾಯದ ಬಹುಪಾಲು ಕದಲಲಿಲ್ಲ. ಒಮ್ಮೆ ಸುಧಾರಣೆಗೆ ಒಪ್ಪಿದರೆ ಇನ್ನೊಮ್ಮೆ ಒಪ್ಪಬೇಕಾಗುತ್ತದೆ ಎಂಬ ಅವರ ಆತಂಕ ಹುಸಿಯಾಗಲಿಲ್ಲ: 1928ರಲ್ಲಿ ಯೆಸ್ಪರ್ಸನ್ ಇಡೊವನ್ನೂ ಬಿಟ್ಟು ‘ನೋವಿಯಲ್’ ಎಂಬ ತನ್ನದೇ ಭಾಷೆಯನ್ನು ಪ್ರಕಟಿಸಿದನು. ಉತ್ತಮವಾಗಿ ರಚಿತವಾದ ಭಾಷೆಗಿಂತ, ಆಗಲೇ ಜನ ಕಲಿತು ನಂಬಿದ ಭಾಷೆ ಬಲವಾದದ್ದು ಎಂಬುದು 1907ರ ಪಾಠ.

4. ಜಿನೀವಾ: ರಾಷ್ಟ್ರಗಳ ಲೆಕ್ಕಾಚಾರ

ಮೂರನೆಯ ಸಂದರ್ಭದಲ್ಲಿ ಪ್ರಶ್ನೆಯು ಉತ್ಸಾಹಿಗಳ ಕೈಯಿಂದ ಸರ್ಕಾರಗಳ ಕೈಗೆ ಬಂದಿತು. ಮೊದಲ ಮಹಾಯುದ್ಧದ ನಂತರ ಸ್ಥಾಪನೆಯಾದ ಲೀಗ್ ಆಫ್ ನೇಷನ್ಸ್‌ನಲ್ಲಿ, ಶಾಲೆಗಳಲ್ಲಿ ಎಸ್ಪೆರಾಂಟೊ ಬೋಧನೆಯ ವಿಷಯವನ್ನು ಪರಿಶೀಲಿಸಬೇಕೆಂಬ ಗೊತ್ತುವಳಿಗಳು ಮಂಡಿತವಾದವು. ಅವನ್ನು ಬೆಂಬಲಿಸಿದವರಲ್ಲಿ ಚೀನಾ, ಪರ್ಷಿಯಾ ಮತ್ತು ಭಾರತದ ಪ್ರತಿನಿಧಿಗಳೂ ಇದ್ದರು. ಲೀಗ್‌ನ ಉನ್ನತ ಅಧಿಕಾರಿಯಾಗಿದ್ದ ಜಪಾನಿನ ನಿತೊಬೆ ಇನಾಜೊ 1921ರಲ್ಲಿ ಪ್ರಾಗ್‌ನ ಎಸ್ಪೆರಾಂಟೊ ಸಮ್ಮೇಳನವನ್ನು ಖುದ್ದಾಗಿ ಕಂಡು ಅನುಕೂಲಕರವಾದ ವರದಿ ನೀಡಿದನು. ಲೀಗ್‌ನ ಎರಡು ಅಧಿಕೃತ ಭಾಷೆಗಳಾದ ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಪರಭಾಷೆಗಳಾಗಿದ್ದವರಿಗೆ ಈ ಚರ್ಚೆಯ ತೂಕ ಬೇರೆಯೇ ಆಗಿತ್ತು.

ಪ್ರತಿರೋಧ ಬಂದದ್ದು ಮುಖ್ಯವಾಗಿ ಫ್ರಾನ್ಸಿನಿಂದ. ಅದಕ್ಕೆ ಚಾರಿತ್ರಿಕ ಕಾರಣವಿದೆ. ಬಹುಕಾಲ ಯೂರೋಪಿನ ರಾಜತಾಂತ್ರಿಕ ಭಾಷೆಯಾಗಿದ್ದ ಫ್ರೆಂಚ್, 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಆ ಸ್ಥಾನವನ್ನು ಇಂಗ್ಲಿಷಿನೊಂದಿಗೆ ಹಂಚಿಕೊಳ್ಳಬೇಕಾಗಿ ಬಂದಿತ್ತು. 1922ರಲ್ಲಿ ಶಿಕ್ಷಣ ಸಚಿವ ಲಿಯೊನ್ ಬೆರಾರ್ ಫ್ರಾನ್ಸಿನ ಶಾಲೆಗಳಲ್ಲಿ ಎಸ್ಪೆರಾಂಟೊ ಬೋಧನೆಯನ್ನು ನಿಷೇಧಿಸಿದನು. ಲೀಗ್‌ನಲ್ಲಿ ವಿಷಯವು ಬೌದ್ಧಿಕ ಸಹಕಾರ ಸಮಿತಿಗೆ ವರ್ಗವಾಯಿತು. 1923ರಲ್ಲಿ ಆ ಸಮಿತಿಯು ಕೃತಕ ಭಾಷೆಯನ್ನು ಶಿಫಾರಸು ಮಾಡಲು ನಿರಾಕರಿಸಿತು. ಮುಂದಿನ ದಶಕಗಳಲ್ಲಿ ಫ್ರೆಂಚಿನ ಅಂತರರಾಷ್ಟ್ರೀಯ ಸ್ಥಾನವನ್ನು ಕುಗ್ಗಿಸಿದ್ದು ಎಸ್ಪೆರಾಂಟೊ ಅಲ್ಲ, ಇಂಗ್ಲಿಷ್.

ರಾಷ್ಟ್ರವಿಲ್ಲದ ಭಾಷೆಗೆ ರಕ್ಷಣೆಯೂ ಇರಲಿಲ್ಲ. ನಾಜಿ ಆಡಳಿತ ಎಸ್ಪೆರಾಂಟೊ ಸಂಘಗಳನ್ನು ಮುಚ್ಚಿಸಿತು. ಯಹೂದಿ ಕುಟುಂಬವಾದ ಜಾಮೆನ್‌ಹಾಫ್‌ನ ಮೂವರು ಮಕ್ಕಳೂ ನಾಜಿಗಳ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಸೋವಿಯತ್ ಒಕ್ಕೂಟದಲ್ಲಿ 1937–38ರ ದಮನಕ್ಕೆ ಅನೇಕ ಎಸ್ಪೆರಾಂಟೊ ಕಾರ್ಯಕರ್ತರು ಬಲಿಯಾದರು. ಗಡಿಯಾಚೆಗೆ ಪತ್ರ ಬರೆಯಲು ನೆರವಾಗುವ ಭಾಷೆ ಎಂಬುದೇ ಅದರ ಅಪರಾಧವಾಯಿತು.

5. ಆಡುಮಾತಾದ ಮೇಲೆ

1907ರಲ್ಲಿಯೇ ಲೈಪ್‌ಜಿಗ್‌ನ ಬ್ರುಗ್ಮಾನ್ ಮತ್ತು ಲೆಸ್ಕಿನ್ ಕೃತಕ ವಿಶ್ವಭಾಷೆಗಳನ್ನು ಕಟುವಾಗಿ ವಿಮರ್ಶಿಸಿದ್ದರು. ಬೋದ್ವೆನ್ ಅವರಿಗೆ ಉತ್ತರಿಸಿದ್ದನು. ಈ ವಾದದ ತಿರುಳನ್ನು ಸೊಸ್ಯೂರನ 1916ರ ಉಪನ್ಯಾಸ ಸಂಕಲನದಲ್ಲಿ ಕಾಣಬಹುದು. ಬಳಕೆಗೆ ಬರುವವರೆಗೆ ಮಾತ್ರ ಕೃತಕ ಭಾಷೆ ಕರ್ತೃವಿನ ಹಿಡಿತದಲ್ಲಿರುತ್ತದೆ, ಬಂದ ಮೇಲೆ ಅದೂ ಬದಲಾವಣೆಯ ನಿಯಮಕ್ಕೆ ಒಳಪಡುತ್ತದೆ ಎಂಬುದು ಅಲ್ಲಿನ ತರ್ಕ.

ಎಸ್ಪೆರಾಂಟೊ ಮಾತನಾಡುವ ಮನೆಗಳಲ್ಲಿ ಹುಟ್ಟಿ ಅದನ್ನು ತಾಯ್ನುಡಿಗಳಲ್ಲಿ ಒಂದಾಗಿ ಕಲಿತ ಮಕ್ಕಳ ಮಾತು ಇದಕ್ಕೆ ಸಾಕ್ಷ್ಯ ಒದಗಿಸುತ್ತದೆ. 2001ರಲ್ಲಿ ಬೆಂಜಮಿನ್ ಬರ್ಗೆನ್ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಭಾಷಿಕರು ದ್ವಿತೀಯಾ ವಿಭಕ್ತಿಯ ‘-ನ್’ ಪ್ರತ್ಯಯವನ್ನು ಹಲವೆಡೆ ಬಿಡುವುದೂ ಕರ್ತೃ–ಕ್ರಿಯೆ–ಕರ್ಮ ಎಂಬ ಪದಕ್ರಮವನ್ನೇ ಹೆಚ್ಚು ನೆಚ್ಚುವುದೂ ಕಂಡುಬಂದಿತು. ಕನ್ನಡದ ಓದುಗರಿಗೆ ದ್ವಿತೀಯೆಯ ಲೋಪ ಅಪರಿಚಿತವಲ್ಲ. ‘ಪುಸ್ತಕ ಓದಿದೆ’ ಎನ್ನುತ್ತೇವೆ, ಆದರೆ ‘ಅವಳನ್ನು ನೋಡಿದೆ’ ಎಂಬಲ್ಲಿ ಪ್ರತ್ಯಯ ಬಿಡುವುದಿಲ್ಲ. ಎರಡೂ ಲೋಪಗಳ ನಿಯಮ ಬೇರೆ ಬೇರೆ. ಆದರೆ ಯೋಜಿತ ಭಾಷೆಯ ಕಡ್ಡಾಯ ನಿಯಮವೂ ಮಕ್ಕಳ ಬಾಯಲ್ಲಿ ಸಡಿಲಗೊಳ್ಳುತ್ತದೆ ಎಂಬುದು ಇಲ್ಲಿ ಗಮನಾರ್ಹ. ಸಾಮಾನ್ಯ ಭಾಷೆ ಸಾಧ್ಯವಾದರೂ ಅದು ಎಲ್ಲೆಡೆ ಒಂದೇ ರೂಪದಲ್ಲಿ ಉಳಿಯುತ್ತದೆಂದು ನಿರೀಕ್ಷಿಸಲಾಗದು.

ಎಸ್ಪೆರಾಂಟೊದ ತಟಸ್ಥತೆಗೂ ಮಿತಿಯಿದೆ. ಆಸ್ಪತ್ರೆಯನ್ನು ಸೂಚಿಸುವ ‘ಮಾಲ್-ಸಾನ್-ಉಲ್-ಏಯ್-ಒ’ ಪದವನ್ನು ಬಿಡಿಸಿದರೆ ‘ಆರೋಗ್ಯವಿಲ್ಲದವರ ಸ್ಥಳ’ ಎಂದಾಗುತ್ತದೆ. ಪ್ರತ್ಯಯಗಳನ್ನು ಒಂದರ ಮೇಲೊಂದು ಪೋಣಿಸುವ ಈ ಬಗೆ ದ್ರಾವಿಡ ಭಾಷಿಕರಿಗೆ ಸುಲಭವಾಗಿ ಒಗ್ಗಬಹುದು. ಆದರೆ ಧಾತುಗಳು ಬಹುಪಾಲು ಯೂರೋಪಿನವು. ಅವನ್ನು ಕಲಿಯಲು ಇಟಲಿಯವನಿಗಿಂತ ಕನ್ನಡಿಗನು ಹೆಚ್ಚು ಶ್ರಮಿಸಬೇಕು. ‘ತಾಯಿ’ ಎಂಬ ಪದವು ‘ತಂದೆ’ಗೆ ಸ್ತ್ರೀಲಿಂಗ ಪ್ರತ್ಯಯ ಸೇರಿ ಆದದ್ದು ಎಂಬುದೂ ರಚನೆಯೊಳಗೆ ಕಾಲ ಬಿಟ್ಟುಹೋದ ಗುರುತು.

6. ಉಪಸಂಹಾರ

ಮೂರೂ ಸಂದರ್ಭಗಳು ಒಂದೇ ದಿಕ್ಕನ್ನು ತೋರಿಸುತ್ತವೆ. 1889ರಲ್ಲಿ ಕರ್ತೃ ಅಧಿಕಾರ ಬಿಡದೆ ಭಾಷೆಯನ್ನು ಕಳೆದುಕೊಂಡನು. 1907ರಲ್ಲಿ ಭಾಷಿಕರು ತಜ್ಞರ ಅಧಿಕಾರವನ್ನು ಒಪ್ಪದೆ ಭಾಷೆಯನ್ನು ಉಳಿಸಿಕೊಂಡರು. 1922–23ರಲ್ಲಿ ಪ್ರಬಲ ರಾಷ್ಟ್ರವೊಂದು ತನ್ನ ಭಾಷೆಯ ಸ್ಥಾನವನ್ನು ಕಾಯಲು ಸಾಮಾನ್ಯ ಭಾಷೆಯ ದಾರಿಗೆ ಅಡ್ಡ ನಿಂತಿತು. ಆದ್ದರಿಂದ ಜಗತ್ತಿಗೆ ಸಾಮಾನ್ಯ ಭಾಷೆ ಬೇಕೇ ಎಂಬ ಪ್ರಶ್ನೆಯ ಜೊತೆಗೆ, ಅದನ್ನು ಕಲಿಯುವ ಶ್ರಮ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನೂ ಕೇಳಲೇಬೇಕು. ಸಹಾಯಕ ಭಾಷೆಯ ಕಲ್ಪನೆಯಲ್ಲಿ ಎಲ್ಲರೂ ಎರಡನೆಯ ಭಾಷೆ ಕಲಿಯುತ್ತಾರೆ. ಇಂದಿನ ವ್ಯವಸ್ಥೆಯಲ್ಲಿ ಕೆಲವರು ಏನನ್ನೂ ಕಲಿಯಬೇಕಿಲ್ಲ, ಉಳಿದವರು ವರ್ಷಗಟ್ಟಲೆ ಕಲಿಯಬೇಕು. ಕನ್ನಡದ ಉಪಭಾಷೆಯೊಂದರ ಮೇಲೆ ಕ್ಷೇತ್ರಕಾರ್ಯ ನಡೆಸಿ, ಅದರ ಫಲಿತವನ್ನು ಇಂಗ್ಲಿಷಿನಲ್ಲಿ ಬರೆಯದಿದ್ದರೆ ಓದುವವರೇ ಇಲ್ಲವೆಂಬ ಸ್ಥಿತಿಯಲ್ಲಿರುವ ಸಂಶೋಧನ ವಿದ್ಯಾರ್ಥಿಗೆ ಈ ಅಸಮಾನತೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಪತ್ರಿಕೆಯು ಎರಡು ಭಾಷೆಗಳಲ್ಲಿ ಪ್ರಕಟವಾಗುತ್ತಿರುವುದೂ ಆ ಶ್ರಮವನ್ನು ಸ್ವಲ್ಪವಾದರೂ ಹಂಚಿಕೊಳ್ಳುವ ಪ್ರಯತ್ನವೆಂದೇ ನಾವು ಭಾವಿಸುತ್ತೇವೆ.